ಹಲಸು, ಹುರುಳಿ, ಹೊಸ ಮೀನು: ಬಹುದಿನದ ಮೇಲೆ ತಿನ್ನುವಾಗ

ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಒಂದೇ ಮಾತು. ರಜೆಗೆಂದು ಊರಿಗೆ ಬಂದವರು ಮಧ್ಯಾಹ್ನ ಬಕ್ಕೆ ಹಲಸು ಕೊಯ್ದು ತಿಂದರು, ರಾತ್ರಿ ಹೊಟ್ಟೆ ಉಬ್ಬರಿಸಿಕೊಂಡು ನಿದ್ದೆಗೆಟ್ಟರು. ವರ್ಷವಿಡೀ ಮುಟ್ಟದಿದ್ದ ಹಣ್ಣನ್ನು ಕೂತಲ್ಲೇ ಹದಿನೈದಿಪ್ಪತ್ತು ತೊಳೆ ಇಳಿಸಿದರೆ ಆಗುವುದೇ ಹೀಗೆ. ಹಲಸಿನಲ್ಲಿ ಸಕ್ಕರೆಯೂ ಹೆಚ್ಚು, ನಾರೂ ಇದೆ. ಒಮ್ಮೆಲೇ ಅಷ್ಟು ಸಕ್ಕರೆ ಬಂದರೆ ಸಣ್ಣ ಕರುಳು ಎಲ್ಲವನ್ನೂ ಹೀರಿಕೊಳ್ಳಲಾರದು. ಉಳಿದದ್ದು ನಾರಿನ ಜೊತೆ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸಿ ಗಾಳಿ ಮಾಡುತ್ತವೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ರಾತ್ರಿಯ ಉಬ್ಬರಕ್ಕೆ ರಾತ್ರಿಯೂಟವನ್ನು ಬೈಯಬೇಡಿ, ಮಧ್ಯಾಹ್ನ ಏನು ತಿಂದಿರಿ ಎಂದು ನೆನಪಿಸಿಕೊಳ್ಳಿ.

‘ಹಸಿದು ಹಲಸು, ಉಂಡು ಮಾವು’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಹೊಟ್ಟೆ ತುಂಬ ಉಂಡ ಮೇಲೆ ಹಲಸು ಹೇರಬೇಡಿ ಎನ್ನುವಷ್ಟಕ್ಕೆ ಅದು ಸರಿ. ಆದರೆ ಹಸಿದವರ ಕೈ ನಿಲ್ಲುವುದಿಲ್ಲ, ಅದೇ ತಾಪತ್ರಯ. ಬೆಳಗಿನ ದೋಸೆ ಕರಗಿ ಹನ್ನೊಂದು ಗಂಟೆ ಹೊತ್ತಿಗೆ ಮೂರು ತೊಳೆ ಎಣಿಸಿ ತಟ್ಟೆಗೆ ಹಾಕಿಕೊಳ್ಳಿ, ಉಳಿದ ಹಣ್ಣನ್ನು ಒಳಗಿಡಿ. ಹಲಸಿನ ಸುತ್ತ ಕೂತು ಮಾತಾಡುತ್ತ ತಿಂದರೆ ಲೆಕ್ಕ ಸಿಗುವುದಿಲ್ಲ. ಮರುದಿನ ಬಿಡಿ. ಏನೂ ಆಗದಿದ್ದರೆ ಮೂರನೇ ದಿನ ಐದಾರು ತೊಳೆ ತಿನ್ನಬಹುದು. ಹಲಸು ತಿಂದ ದಿನವೇ ಹಲಸಿನ ಕಡುಬು, ಹಲಸಿನ ಬೇಳೆಯ (ಬೀಜದ) ಹುಳಿ, ಸಂಜೆಗೆ ಹಪ್ಪಳ ಎಲ್ಲ ಮಾಡಿದರೆ ಹೊಟ್ಟೆ ಕೆಡಿಸಿದ್ದು ಯಾವುದೆಂದು ತಿಳಿಯುವುದಾದರೂ ಹೇಗೆ? ಬಹುದಿನದ ಮೇಲೆ ತಿನ್ನುವ ವಸ್ತು ದಿನಕ್ಕೆ ಒಂದೇ ಇರಲಿ. ಕಡುಬಿನಲ್ಲಿ ಹಣ್ಣಿನ ಜೊತೆ ಬೆಲ್ಲವೂ ಇರುವುದರಿಂದ ಮೊದಲ ದಿನಕ್ಕೆ ಒಂದು ಸಾಕು.

ಹಲಸಿನ ಬೇಳೆಯ ವಿಷಯದಲ್ಲಿ ಬೇಯಿಸುವುದೇ ಮುಖ್ಯ. ಅರೆಬೆಂದ ಬೇಳೆಯಲ್ಲಿ ಪಿಷ್ಟ ಹಾಗೇ ಗಟ್ಟಿಯಾಗಿ ಉಳಿಯುತ್ತದೆ, ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವೂ ಪೂರ್ತಿ ನಾಶವಾಗಿರುವುದಿಲ್ಲ. ಹೊರಗಿನ ಬಿಳಿ ಸಿಪ್ಪೆ ತೆಗೆದು, ಜಜ್ಜಿ ಅಥವಾ ಎರಡು ಹೋಳು ಮಾಡಿ, ಕುಕ್ಕರಿನಲ್ಲಿ ನಾಲ್ಕೈದು ಸೀಟಿ ಕೂಗಿಸಿ. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು, ನಡುವೆ ಗಟ್ಟಿ ತಿರುಳು ಸಿಕ್ಕರೆ ಇನ್ನೆರಡು ಸೀಟಿ ಬೇಕು. ಕೆಂಡದಲ್ಲಿ ಸುಟ್ಟ ಬೇಳೆ ರುಚಿಯೇನೋ ಹೌದು, ಆದರೆ ಹೊರಗೆ ಕರಿಯಾಗಿ ಒಳಗೆ ಹಸಿ ಉಳಿಯುವುದೂ ಅದರಲ್ಲೇ ಹೆಚ್ಚು.

ಹುರುಳಿ, ಅಲಸಂದೆ, ಒಣ ಬಟಾಣಿಯ ಕಥೆ ಬೇರೆ. ಇವುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ಯಾವ ಮನುಷ್ಯನ ಕರುಳಲ್ಲೂ ಇಲ್ಲ, ಹಾಗಾಗಿ ಗಾಳಿ ಎಲ್ಲರಿಗೂ ಸ್ವಲ್ಪ ಆಗುವುದೇ. ಈ ಸಕ್ಕರೆ ನೀರಿನಲ್ಲಿ ಕರಗುತ್ತದೆ. ಒಂದು ಲೋಟ ಹುರುಳಿಗೆ ನಾಲ್ಕು ಲೋಟ ನೀರು ಹಾಕಿ ಹತ್ತು ಹನ್ನೆರಡು ತಾಸು ನೆನೆಸಿ, ಆ ನೀರು ಚೆಲ್ಲಿ, ಎರಡು ಸಲ ತೊಳೆದು ಹೊಸ ನೀರಲ್ಲಿ ಬೇಯಿಸಿ. ಮೊಳಕೆ ಬರಿಸಿದರೆ ಇನ್ನೂ ಹಗುರ. ನೆನೆಸಿದ ನೀರಲ್ಲೇ ಬೇಯಿಸಿ ಅಡುಗೆ ಸೋಡಾ ಚಿಟಿಕೆ ಹಾಕುವವರಿದ್ದಾರೆ. ಸೋಡಾದಿಂದ ಕಾಳು ಬೇಗ ಮೆತ್ತಗಾಗುತ್ತದೆ, ನೀರಿಗಿಳಿದ ಸಕ್ಕರೆ ಮಾತ್ರ ಪಾತ್ರೆಯಲ್ಲೇ ಇರುತ್ತದೆ. ಇನ್ನು ಕಟ್ಟಿನ ಸಾರು. ಕಾಳು ತಿಂದರೆ ವಾಯು, ಕಟ್ಟು ಹಗುರ ಎಂದು ಎರಡು ಬಟ್ಟಲು ಕುಡಿದು ಒದ್ದಾಡುವವರು ಬಹಳ. ಬೇಯುವಾಗ ಬಿಟ್ಟ ಸಕ್ಕರೆಯೆಲ್ಲ ಇರುವುದು ಆ ಕಟ್ಟಿನಲ್ಲೇ. ಮೊದಲ ಸಲ ಅನ್ನಕ್ಕೆ ಒಂದು ಸೌಟು ಸಾಕು. ವಾರಕ್ಕೆ ಮೂರ್ನಾಲ್ಕು ದಿನ ಎರಡೆರಡು ಚಮಚ ಕಾಳು ತಿನ್ನುತ್ತ ಬಂದರೆ ಕೆಲವು ವಾರಗಳಲ್ಲಿ ಹೊಟ್ಟೆ ಒಗ್ಗುತ್ತದೆ. ತಿಂಗಳಿಗೊಮ್ಮೆ ತಟ್ಟೆ ತುಂಬ ತಿಂದರೆ ಒಗ್ಗುವುದೇ ಇಲ್ಲ.

ಉಬ್ಬರಿಸಿದ ಮೇಲೆ ಏನು ಮಾಡಬೇಕು? ಮಲಗಬೇಡಿ. ಅಂಗಳದಲ್ಲಿ ಕಾಲು ಗಂಟೆ ನಿಧಾನಕ್ಕೆ ಓಡಾಡಿ, ಗಾಳಿ ಸರಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಮಲಗಲೇಬೇಕಾದರೆ ಎಡ ಮಗ್ಗುಲಾಗಿ ಮೊಣಕಾಲು ಮಡಚಿ ಮಲಗಿ. ಒಂದು ಚಮಚ ಜೀರಿಗೆ ಹುರಿದು, ಎರಡು ಲೋಟ ನೀರಲ್ಲಿ ಕುದಿಸಿ ಒಂದು ಲೋಟಕ್ಕೆ ಇಳಿಸಿದ ಕಷಾಯ ಬೆಚ್ಚಗೆ ಗುಟುಕರಿಸಿ. ಮುಂದಿನ ಊಟಕ್ಕೆ ಗಂಜಿ, ಓಮದ ತಂಬುಳಿ ಸಾಕು: ಅರ್ಧ ಚಮಚ ಓಮ ತುಪ್ಪದಲ್ಲಿ ಹುರಿದು, ಎರಡು ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ಬೀಸಿ, ನೀರು ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕುವುದು. ಹಾಲು ಬಿಟ್ಟು ವರ್ಷಗಳಾದವರಿಗೂ ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ, ಹುಳಿಯುವಾಗ ಹಾಲಿನ ಸಕ್ಕರೆ ಕಡಿಮೆಯಾಗಿರುತ್ತದೆ. ಬರೀ ಹಾಲಾದರೆ ಅರ್ಧ ಲೋಟದಿಂದ, ಅದೂ ಊಟದ ಜೊತೆಗೇ ಶುರುಮಾಡಿ. ಸೋಡಾ, ಹಣ್ಣಿನ ಉಪ್ಪು (ಈನೋ ಥರದ ನೊರೆಯುವ ಪುಡಿ) ಕುಡಿದರೆ ತೇಗು ಬರುತ್ತದೆ, ಆದರೆ ಅದು ಆಗಷ್ಟೇ ಹುಟ್ಟಿದ ಗಾಳಿ. ಕೆಳಗಿನ ಕರುಳಿನದು ಅಲ್ಲೇ ಇರುತ್ತದೆ. ಬಿ.ಪಿ. ಇದ್ದವರಿಗೆ ಹಣ್ಣಿನ ಉಪ್ಪಿನ ಸೋಡಿಯಂ ಒಳ್ಳೆಯದೂ ಅಲ್ಲ.

ಕಾರವಾರ, ಅಂಕೋಲಾ ಕಡೆಯಲ್ಲಿ ಹಲಸಿಗಿಂತ ಮೀನಿನ ದೂರು ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಮೇಲೆ ಶ್ರಾವಣ ಹಿಡಿದವರು ಚೌತಿ ಮುಗಿಯುವವರೆಗೆ ಮೀನು ಮುಟ್ಟುವುದಿಲ್ಲ. ಹಬ್ಬ ಕಳೆದದ್ದೇ ತಡ, ಬಂಗಡೆ ಸಾರು, ರವೆ ಹಚ್ಚಿ ಹುರಿದದ್ದು, ಸುಂಗಟೆ (ಸಿಗಡಿ) ಎಲ್ಲ ಒಂದೇ ಊಟಕ್ಕೆ! ಮೀನಿನಲ್ಲಿ ನಾರಿಲ್ಲ, ಗಾಳಿ ಮಾಡುವ ಸಕ್ಕರೆಯೂ ಇಲ್ಲ. ಹೊಟ್ಟೆ ಭಾರವಾಗುವುದು ಎಣ್ಣೆ, ಖಾರ, ದಪ್ಪ ಕಾಯಿರಸದಿಂದ. ಎಣ್ಣೆ ಹೆಚ್ಚಾದಷ್ಟೂ ಜಠರ ನಿಧಾನಕ್ಕೆ ಖಾಲಿಯಾಗುತ್ತದೆ. ಮೊದಲ ದಿನ ತೆಳ್ಳಗಿನ ಸಾರಿನ ಎರಡು ತುಂಡು ಸಾಕು, ಹುರಿದದ್ದು ನಾಳೆಗಿರಲಿ.

ಬಂಗಡೆ, ತಾರ್ಲೆ (ಬೂತಾಯಿ), ಗೆದರೆ (ಟ್ಯೂನಾ) ತಿಂದು ಗಂಟೆಯೊಳಗೆ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸಿದರೆ ಅದು ಅಜೀರ್ಣವಲ್ಲ. ಐಸಿಲ್ಲದೆ ಬಿಸಿಲಲ್ಲಿ ಇಟ್ಟ ಮೀನಿನಲ್ಲಿ ಹಿಸ್ಟಮಿನ್ ಎಂಬ ವಿಷಕಾರಿ ಅಂಶ ಹುಟ್ಟುತ್ತದೆ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮಿಕ್ಕ ಮೀನನ್ನು ಚೆಲ್ಲಿ, ವೈದ್ಯರಿಗೆ ತೋರಿಸಿ. ಯಾವ ಆಹಾರ ತಿಂದ ಮೇಲಾದರೂ ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದಂತಾದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆಯ ಬಲ ಕೆಳಭಾಗದಲ್ಲಿ ನೋವು ಏರುತ್ತಲೇ ಹೋದರೆ ಕಷಾಯ ಕುದಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ವಯಸ್ಸಾದವರಿಗೆ ಎದೆ ಹಿಂಡಿ ಬೆವರಿದರೂ ಅಷ್ಟೇ, ಅದನ್ನು ‘ಗ್ಯಾಸು’ ಎಂದು ರಾತ್ರಿ ಕಳೆಯಬಾರದು. ಮೂತ್ರಪಿಂಡದ ತೊಂದರೆ ಇದ್ದವರು ಮೂರು ತೊಳೆ ಹಲಸಿಗೂ ಮೊದಲು ವೈದ್ಯರನ್ನು ಕೇಳಬೇಕು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.