ಲಾಲ್‌ಬಾಗ್ ಪುಟಕ್ಕೆ ಬಂದ ಮೊದಲ ಉತ್ತರ: ಸ್ವಂತ ಸೈಟು ಕಟ್ಟಿದ ನನ್ನ ಅನುಭವ

2024ರ ಫೆಬ್ರವರಿಯ ಒಂದು ರಾತ್ರಿ ಧಾರವಾಡದ ಗೆಳೆಯ ತನ್ನ ಸೈಟಿನಲ್ಲಿ ನಾಲ್ಕು ಸಾಲು ಬರೆದ. ನನ್ನ ಲಾಲ್‌ಬಾಗ್ ಬರಹಕ್ಕೆ ಅದು ಉತ್ತರ. ಅರ್ಧ ಗಂಟೆಯೊಳಗೆ ಆ ನಾಲ್ಕು ಸಾಲು ನನ್ನ ಸೈಟಿನಲ್ಲಿ, ಅದೇ ಬರಹದ ಕೆಳಗೆ, ಅವನ ಹೆಸರು ಮತ್ತು ಫೋಟೋ ಸಮೇತ ಬಂದು ಕೂತಿತ್ತು. ಅವನು ಅವನ ಮನೆಯಲ್ಲಿ ಬರೆದ, ನಾನು ನನ್ನ ಮನೆಯಲ್ಲಿ ಓದಿದೆ. ಇಷ್ಟಾಗಲು ನನಗೆ ಹೆಚ್ಚುಕಡಿಮೆ ನಾಲ್ಕು ವರ್ಷ ಹಿಡಿಯಿತು. ಹದಿನೆಂಟು ಸಾವಿರಕ್ಕೂ ಜಾಸ್ತಿ ದುಡ್ಡು ಹೋಯಿತು. ಪುಟಗಳಿಗೆ ಕನ್ನಡ ಅಕ್ಷರದ ವೆಬ್ ವಿಳಾಸ ಇಟ್ಟುಕೊಂಡು ಇದೆಲ್ಲ ನಡೆಯಲ್ಲ ಅಂದವರು ಬೇಕಾದಷ್ಟು ಜನ. ನಡೆಯಿತು. ಹೀಗೆ ಒಂದು ಸೈಟಿನಲ್ಲಿ ಬರೆದ ಉತ್ತರದ ಸುದ್ದಿಯನ್ನು ಇನ್ನೊಂದು ಸೈಟಿಗೆ ತಲುಪಿಸುವ ವಿಧಾನದ ಹೆಸರು ವೆಬ್‌ಮೆನ್ಷನ್. ಪೂರ್ತಿ ಪಾಠ ಬಿಟ್ಟು ನನಗೆ ಎಲ್ಲೆಲ್ಲಿ ಪೆಟ್ಟು ಬಿತ್ತು ಅನ್ನುವುದನ್ನಷ್ಟೇ ಬರೆಯುತ್ತೇನೆ.

ನನ್ನದು ಮರಗಳ ದಿನಚರಿ. ಯಾವ ರಸ್ತೆಯಲ್ಲಿ ಯಾವ ಮರ ಯಾವತ್ತು ಹೂ ಬಿಟ್ಟಿತು ಅಂತ 2016ರಿಂದ ಬರೆದಿಡುತ್ತಿದ್ದೇನೆ. ಬೆಂಗಳೂರಿನಲ್ಲಿ ಇದನ್ನು ಬರೆಯಲು ಒಂದು ಕಾರಣ ಇದೆ. ವರ್ಷವಿಡೀ ಒಂದಲ್ಲ ಒಂದು ಮರ ಹೂವಲ್ಲಿ ಇರಬೇಕು ಅಂತಲೇ ಇಲ್ಲಿ ಆಯ್ದು ನೆಟ್ಟಿದ್ದಾರೆ. ಲಾಲ್‌ಬಾಗ್ ನೋಡಿಕೊಂಡ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಕಾಲದ ಯೋಜನೆ ಅದು. ಗುಲಾಬಿ ಟಬೆಬುಯಾ, ಆಮೇಲೆ ಹಳದಿ, ಆಮೇಲೆ ಜಕರಂಡ, ಏಪ್ರಿಲ್ ಮೇನಲ್ಲಿ ಗುಲ್‌ಮೊಹರ್. ಮೊದಲ ಮೂರು ವರ್ಷ ಇದನ್ನೆಲ್ಲ ಒಂದು ಸೋಷಿಯಲ್ ಮೀಡಿಯಾದಲ್ಲಿ ಹಾಕುತ್ತಿದ್ದೆ. ಸುಮಾರು 1,100 ಫೋಟೋ ಇತ್ತು. 2019ರಲ್ಲಿ ಒಂದು ದಿನ ಅಕೌಂಟ್ ಲಾಕ್ ಆಯಿತು. ಗುರುತಿನ ಚೀಟಿ ಕೇಳಿದರು, ಕಳಿಸಿದೆ. ಉತ್ತರ ಬರಲೇ ಇಲ್ಲ. ಫೋಟೋಗಳು ಹಾರ್ಡ್ ಡಿಸ್ಕಿನಲ್ಲಿ ಇದ್ದವು. ಬರೆದದ್ದು ಮತ್ತು ಜನ ಕೆಳಗೆ ಸೇರಿಸಿದ ಮಾಹಿತಿ ಹೋಯಿತು. ಫೋಟೋಗಿಂತ ಬೆಲೆಯಿದ್ದದ್ದು ಅದಕ್ಕೇ. ಜಯನಗರದ ಒಬ್ಬ ಹಿರಿಯರು ತಮ್ಮ ರಸ್ತೆಯ ಮರಗಳ ಬಗ್ಗೆ ಇಪ್ಪತ್ತು ವರ್ಷದ ನೆನಪು ಬರೆದಿದ್ದರು. ಅದು ಈಗ ಎಲ್ಲೂ ಇಲ್ಲ.

ಸ್ವಂತ ಸೈಟು ಮಾಡ್ತೀನಿ ಅಂದಾಗ ಭಾವ ಕೇಳಿದರು, "ಅಲ್ಲಿಗೆ ಯಾರು ಬರ್ತಾರೆ? ಇನ್‌ಸ್ಟಾಗ್ರಾಮ್‌ನಲ್ಲಿ ಹಾಕು, ಜನ ಅಲ್ಲೇ ಇದ್ದಾರೆ." ಆಫೀಸಿನ ಹುಡುಗ, ನಮ್ಮಲ್ಲಿ ಸರ್ವರ್ ನೋಡಿಕೊಳ್ಳುವವನು, ಇನ್ನೂ ನೇರವಾಗಿ ಹೇಳಿದ: "ಸಾರ್, ಗೂಗಲ್ ರೀಡರ್ 2013ರಲ್ಲೇ ಮುಚ್ಚಿತು. ಫೀಡ್ ಓದೋರು ಈಗ ಯಾರಿದ್ದಾರೆ?" ಫೀಡ್ ಅಂದರೆ ಸೈಟಿನ ಹೊಸ ಬರಹಗಳು ಓದುಗರಿಗೆ ತಾನಾಗಿ ತಲುಪುವ ಪಟ್ಟಿ, ಗೂಗಲ್ ರೀಡರ್ ಅದನ್ನು ಓದುವ ಸೇವೆ. ಇಬ್ಬರಿಗೂ ನಾನು ಆಗ ಉತ್ತರ ಕೊಡಲಿಲ್ಲ.

ಮೊದಲು ದುಡ್ಡಿನ ಕಥೆ. 2020ರ ಕೊನೆಗೆ ಡಾಟ್ ಇನ್ ಡೊಮೇನ್, ಅಂದರೆ ಸೈಟಿಗೊಂದು ಹೆಸರು, ತೆಗೆದುಕೊಂಡೆ. ಮೊದಲ ವರ್ಷ 99ಕ್ಕೋ 149ಕ್ಕೋ ಸಿಕ್ಕಿತು. ಅದರ ಜೊತೆ ಮೂರು ವರ್ಷದ ಹೋಸ್ಟಿಂಗ್ (ಸೈಟಿನ ಫೈಲು ಇಡುವ ಬಾಡಿಗೆ ಜಾಗ) ಒಂದೇ ಸಲಕ್ಕೆ ಕಟ್ಟಿದೆ, 5,400 ರೂಪಾಯಿ. ಎಲ್ಲವೂ ಅನ್‌ಲಿಮಿಟೆಡ್ ಅಂತ ಇತ್ತು. ಫೋಟೋ ಏರಿಸಲು ಶುರು ಮಾಡಿದ ಎರಡನೇ ವಾರಕ್ಕೇ ಫೈಲುಗಳ ಸಂಖ್ಯೆ ಮಿತಿ ಮೀರಿದೆ ಅಂತ ಮೇಲ್ ಬಂತು. ಜಾಗಕ್ಕೆ ಮಿತಿ ಇರಲಿಲ್ಲ, ಫೈಲುಗಳ ಲೆಕ್ಕಕ್ಕೆ ಇತ್ತು. ಆ ಸಾಲನ್ನು ಮೊದಲೇ ಓದಿ, ಅದು ಯಾವಾಗಲೂ ತೀರಾ ಕೆಳಗೆ ಇರುತ್ತದೆ.

ಆಮೇಲೆ ಮನೆಯಲ್ಲೇ ಇಡೋಣ ಅಂದುಕೊಂಡೆ. ಎಸ್.ಪಿ. ರೋಡಿಗೆ ಹೋಗಿ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ತಂದೆ. ಕೇಸು, ಚಾರ್ಜರ್ ಎಲ್ಲ ಸೇರಿ ಐದು ಸಾವಿರದ ಹತ್ತಿರ. ಮನೆಯ ಇಂಟರ್ನೆಟ್ ಸಿಜಿ-ನ್ಯಾಟ್ ಹಿಂದೆ ಇತ್ತು, ಅಂದರೆ ಹಲವು ಮನೆಗೆ ಒಂದೇ ಇಂಟರ್ನೆಟ್ ವಿಳಾಸ, ಹೊರಗಿನವರು ನನ್ನ ಪೈಗೆ ಬರುವ ಹಾಗೇ ಇಲ್ಲ. ಹೊಸ ಬಗೆಯ ಇಂಟರ್ನೆಟ್ ವಿಳಾಸ, ಐಪಿವಿ6, ಸಿಕ್ಕಿತು, ಅದರಲ್ಲಿ ಓಡಿಸಿದೆ. ನನ್ನ ಫೋನಿನಲ್ಲಿ ಚೆನ್ನಾಗಿ ತೆರೆಯಿತು. ಮೈಸೂರಿನ ಗೆಳತಿಯ ಮನೆಯ ವೈಫೈನಲ್ಲಿ ತೆರೆಯಲಿಲ್ಲ, ಅವಳ ಕನೆಕ್ಷನ್‌ನಲ್ಲಿ ಐಪಿವಿ6 ಇರಲಿಲ್ಲ. ಅಷ್ಟರಲ್ಲಿ ಮಳೆಗಾಲ ಬಂತು. ಕರೆಂಟ್ ಹೋಗಿ ಬಂದು ಮಾಡಿ ಒಂದು ಎಸ್‌ಡಿ ಕಾರ್ಡ್ ಸತ್ತಿತು. ಹೊಸದು ಹಾಕಿದೆ, ಒಂದೂವರೆ ತಿಂಗಳಿಗೆ ಅದೂ ಸತ್ತಿತು. ಎರಡಕ್ಕೆ 900. ಆಮೇಲೆ 1,800 ಕೊಟ್ಟು ಚಿಕ್ಕ ಯುಪಿಎಸ್ ತಂದೆ. ಕಾರ್ಡ್ ಉಳಿಯಿತು, ಆದರೆ ಕರೆಂಟ್ ಹೋದಾಗ ಬೀದಿಯ ಇಂಟರ್ನೆಟ್ ಪೆಟ್ಟಿಗೆಯೂ ಆರುತ್ತಿತ್ತು! ಪೈ ಈಗ ರಾತ್ರಿ ಬ್ಯಾಕಪ್ ತೆಗೆಯುವ ಕೆಲಸ ಮಾಡುತ್ತಿದೆ. ಅದಕ್ಕೆ ಅದು ಬಹಳ ಚೆನ್ನಾಗಿದೆ.

ದೊಡ್ಡ ಪೆಟ್ಟು ಬಿದ್ದದ್ದು ಡೊಮೇನ್‌ನಲ್ಲಿ. ತಾನಾಗಿ ರಿನ್ಯೂ ಆಗುತ್ತೆ ಅಂತ ಕಾರ್ಡ್ ಕೊಟ್ಟು ಸುಮ್ಮನಿದ್ದೆ. 2021ರ ಅಕ್ಟೋಬರ್‌ನಿಂದ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ನಿಯಮ ಬದಲಾಯಿತು, ನೆನಪಿದೆಯಲ್ವಾ? ನನ್ನ ಪಾವತಿ ಹೋಗಲಿಲ್ಲ. ಎಚ್ಚರಿಕೆಯ ಮೇಲ್ ಬಂದದ್ದು ಅದೇ ಡೊಮೇನಿನ ಮೇಲ್ ಐಡಿಗೆ. ಡೊಮೇನ್ ನಿಂತ ಮೇಲೆ ಆ ಮೇಲೂ ನಿಂತಿತು. ವಾಪಸ್ ಪಡೆಯಲು ಐದು ಸಾವಿರ ಚಿಲ್ಲರೆ ಕೊಟ್ಟೆ. ಈಗ ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ದೇನೆ, ಮೇಲ್ ಐಡಿ ಬೇರೆ ಕಡೆ ಇಟ್ಟಿದ್ದೇನೆ, ಮನೆಯ ಕ್ಯಾಲೆಂಡರಿನಲ್ಲಿ ತಾರೀಖು ಬರೆದಿದ್ದೇನೆ. ಈ ಮೂರನ್ನೂ ನೀವು ಇವತ್ತೇ ಮಾಡಿ.

ಕೊನೆಗೆ 2022ರಲ್ಲಿ ಚಿಕ್ಕ ವಿಪಿಎಸ್, ಅಂದರೆ ಬಾಡಿಗೆ ಸರ್ವರ್, ತೆಗೆದುಕೊಂಡೆ. ಜಿಎಸ್‌ಟಿ ಸೇರಿ ತಿಂಗಳಿಗೆ 450ರ ಆಸುಪಾಸು. ಮೈಸೂರಿನ ಗೆಳತಿಯ ಸೈಟೂ ಅದರಲ್ಲೇ ಇದೆ, ಅರ್ಧರ್ಧ ಹಂಚಿಕೊಂಡಿದ್ದೇವೆ. ಮುಂದೆ ಕ್ಯಾಡಿ ಅನ್ನುವ ವೆಬ್ ಸರ್ವರ್ ಪ್ರೋಗ್ರಾಂ ಇದೆ, ಸುರಕ್ಷಿತ ಸಂಪರ್ಕದ ಸರ್ಟಿಫಿಕೇಟ್ ಅದೇ ನೋಡಿಕೊಳ್ಳುತ್ತದೆ. ಸೈಟು ಪೂರ್ತಿ ಸ್ಟ್ಯಾಟಿಕ್, ಪುಟಗಳೆಲ್ಲ ಮೊದಲೇ ಕಟ್ಟಿಟ್ಟ ಫೈಲುಗಳು. ಅವನ್ನು ಕಟ್ಟುವ ಜನರೇಟರ್ ಸ್ಕ್ರಿಪ್ಟ್ ನಾನೇ ಪೈಥಾನ್ ಭಾಷೆಯಲ್ಲಿ ಬರೆದದ್ದು, ಸುಮಾರು 300 ಸಾಲು. ಸಿದ್ಧ ಜನರೇಟರ್ ಇರುವಾಗ ಇದೇಕೆ ಅಂತ ಕೇಳಿದವರಿದ್ದಾರೆ. ಇದರ ಒಂದೊಂದು ಸಾಲೂ ನನಗೆ ಗೊತ್ತು, ಹಾಗಾಗಿಯೇ ಮುಂದೆ ಹೇಳುವ ತಪ್ಪು ನನಗೆ ಸಿಕ್ಕಿತು.

ಕನ್ನಡ ವಿಳಾಸದ ಹಟ ನನ್ನದು. ಬರಹದ ಹೆಸರು 'ಹೊಂಗೆ' ಅಂತಿದ್ದರೆ ವಿಳಾಸದಲ್ಲೂ 'ಹೊಂಗೆ' ಅಂತಲೇ ಇರಬೇಕು. ಮೊದಲ ಸಲ ಸ್ಕ್ರಿಪ್ಟ್ ಓಡಿಸಿದಾಗ ವಿಳಾಸ 'ಹಗ' ಅಂತ ಬಂತು. 'ಲಾಲ್‌ಬಾಗ್' ಹೋಗಿ 'ಲಲಬಗ' ಆಗಿತ್ತು. ಪೈಥಾನ್‌ನ ರೆಗೆಕ್ಸ್‌ನಲ್ಲಿ, ಅಂದರೆ ಅಕ್ಷರ ಹುಡುಕಿ ಬದಲಿಸುವ ಸೂತ್ರದಲ್ಲಿ, ಪದದ ಅಕ್ಷರ ಅನ್ನುವ ಗುಂಪಿಗೆ ನಮ್ಮ ಸ್ವರ ಚಿಹ್ನೆ, ಅನುಸ್ವಾರದ ಸೊನ್ನೆ, ಅರ್ಧಾಕ್ಷರ ಮಾಡುವ ವಿರಾಮ ಯಾವುದೂ ಸೇರುವುದಿಲ್ಲ. ಗುಡಿಸಿ ಹಾಕಿಬಿಡುತ್ತದೆ. ಸರಿ, ಆ ಗುಂಪನ್ನು ಬಿಟ್ಟು ಯುನಿಕೋಡ್ ಅನ್ನುವ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ ಮೀಸಲಾದ ಇಡೀ ಬ್ಲಾಕ್, 128 ಸ್ಥಾನ, ಎಲ್ಲಕ್ಕೂ ಅನುಮತಿ ಕೊಟ್ಟೆ. ಹೊಂಗೆ ಹೊಂಗೆಯಾಯಿತು. ಗೆದ್ದೆ ಅಂದುಕೊಂಡೆ.

ಆಮೇಲೆ ವೆಬ್‌ಮೆನ್ಷನ್. 2017ರ ಜನವರಿಯಲ್ಲೇ ವೆಬ್ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸು ಆಗಿರುವ ವಿಧಾನ, ಹೊಸತೇನಲ್ಲ. ಸ್ವೀಕರಿಸಲು ಆರನ್ ಪಾರೆಕಿ ನಡೆಸುವ ವೆಬ್‌ಮೆನ್ಷನ್ ಡಾಟ್ ಐಒ ಸೇವೆ ಬಳಸುತ್ತೇನೆ. ಅರ್ಧ ಗಂಟೆಗೊಮ್ಮೆ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿ ನಡೆಯುವ ಕೆಲಸ) ಓಡಿ ಹೊಸದು ಬಂದಿದ್ದರೆ ಮಾಹಿತಿಯ ಜೇಸನ್ ಫೈಲು ಇಳಿಸಿ ನನ್ನ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತದೆ, ಸೈಟು ಮತ್ತೆ ಕಟ್ಟುತ್ತದೆ. ನಾಳೆ ಆ ಸೇವೆ ನಿಂತರೂ ಬಂದ ಉತ್ತರಗಳು ನನ್ನ ಹತ್ತಿರ ಇರುತ್ತವೆ. ಜಯನಗರದ ಹಿರಿಯರ ಬರಹ ಕಳೆದುಕೊಂಡ ಮೇಲೆ ಈ ವಿಷಯದಲ್ಲಿ ನಾನು ರಾಜಿ ಆಗಲ್ಲ.

ಬರಹ ಯಾವುದು, ಬರೆದವರು ಯಾರು ಅಂತ ಬೇರೆ ಸೈಟುಗಳಿಗೆ ತಿಳಿಸುವ ಎಚ್-ಎಂಟ್ರಿ, ಎಚ್-ಕಾರ್ಡ್ ಎಲ್ಲ ಪುಟದಲ್ಲಿ ಹಾಕಿದೆ. ಧಾರವಾಡದ ಗೆಳೆಯನದು ವರ್ಡ್‌ಪ್ರೆಸ್ ತಂತ್ರಾಂಶದ ಸೈಟು, ಅವನು ಪ್ಲಗಿನ್ ಹಾಕಿಕೊಂಡ. 'ಹೊಂಗೆ'ಗೆ ಬರೆದ ಉತ್ತರ ತಲುಪಿತು. ಲಾಲ್‌ಬಾಗ್ ಬರಹಕ್ಕೆ ಬರೆದದ್ದು ತಲುಪಲಿಲ್ಲ. ಮತ್ತೆ ಕಳಿಸಿದ, ಇಲ್ಲ. 'ಗುಲ್‌ಮೊಹರ್'ಗೆ ಕಳಿಸಿದ, ಅದೂ ಇಲ್ಲ. ಅವನ ಕಡೆ ಎಂಡ್‌ಪಾಯಿಂಟ್ (ಉತ್ತರ ಸ್ವೀಕರಿಸುವ ವಿಳಾಸ) ಸಿಗಲಿಲ್ಲ ಅಂತ ಬರುತ್ತಿತ್ತು. ನಾನು ಬ್ರೌಸರಿನಲ್ಲಿ ನೋಡಿದರೆ ಪುಟ ಸರಿಯಾಗಿಯೇ ಇದೆ. "ನಿನ್ನ ಕನ್ನಡ ವಿಳಾಸದ ತಾಪತ್ರಯನೇ ಇದು, ಇಂಗ್ಲಿಷ್ ಅಕ್ಷರ ಹಾಕು ಮಾರಾಯ" ಅಂದ. ಸುಮಾರು ಮೂರು ತಿಂಗಳು ಅದು ಹಾಗೇ ಇತ್ತು.

ಒಂದು ರಾತ್ರಿ ಅವನು ಕಳಿಸಿದ ಲಿಂಕ್ ಮತ್ತು ನನ್ನ ಫೈಲಿನ ಹೆಸರು ಎರಡನ್ನೂ ಪಕ್ಕಪಕ್ಕ ಇಟ್ಟು ಬೈಟು ಎಣಿಸಿದೆ. ಕಣ್ಣಿಗೆ ಹತ್ತಿರ ಹತ್ತಿರ ಒಂದೇ. ಅವನ 'ಲಾಲ್‌ಬಾಗ್' 27 ಬೈಟು. ನನ್ನದು 24. ಮೂರು ಬೈಟು ಎಲ್ಲಿ ಹೋಯಿತು? ಲ್ ಆದ ಮೇಲೆ ಬ ಒತ್ತಕ್ಷರ ಆಗದಿರಲಿ ಅಂತ ನಾವು ಹಾಕುವ ಕಣ್ಣಿಗೆ ಕಾಣದ ಗುರುತು ಇದೆಯಲ್ಲ, ಝಡ್‌ಡಬ್ಲ್ಯುಎನ್‌ಜೆ, ಅದು ಮೂರು ಬೈಟು. ಅದು ಕನ್ನಡ ಬ್ಲಾಕಿನಲ್ಲಿ ಇಲ್ಲ, ಬೇರೆ ಕಡೆ ಇದೆ. ನನ್ನ ಸ್ಕ್ರಿಪ್ಟ್ ವಿಳಾಸದಿಂದ ಅದನ್ನು ಕಿತ್ತು ಹಾಕುತ್ತಿತ್ತು. ಫೀಡ್ ಬರೆಯುವ ಭಾಗ ಮಾತ್ರ ಶೀರ್ಷಿಕೆಯನ್ನು ಹಾಗೇ ತೆಗೆದುಕೊಂಡು ಲಿಂಕ್ ಮಾಡುತ್ತಿತ್ತು. ಅವನು ನನ್ನ ಬರಹ ಪೂರ್ತಿ ಫೀಡ್‌ನಲ್ಲೇ ಓದಿ ಅಲ್ಲಿಂದಲೇ ಲಿಂಕ್ ನಕಲು ಮಾಡುತ್ತಿದ್ದ. ಆ ವಿಳಾಸದಲ್ಲಿ ನನ್ನ ಹತ್ತಿರ ಪುಟವೇ ಇಲ್ಲ, 404. ಹೊಂಗೆಯಲ್ಲಿ ಆ ಗುರುತು ಇಲ್ಲ, ಹಾಗಾಗಿ ಅದೊಂದು ತಲುಪುತ್ತಿತ್ತು. ರಾತ್ರಿ ಒಂದೂವರೆಗೆ ಇದು ಹೊಳೆದಾಗ ಆದ ಖುಷಿ ಹೇಳಲು ಆಗಲ್ಲ. ಎದ್ದು ಕಾಫಿ ಮಾಡಿಕೊಂಡೆ.

ಸರಿ ಮಾಡಿದ್ದು ಹೀಗೆ. ಪುಟ, ಫೀಡ್, ಎಚ್-ಎಂಟ್ರಿ ಮೂರಕ್ಕೂ ವಿಳಾಸ ಒಂದೇ ಫಂಕ್ಷನ್‌ನಿಂದ ಬರಬೇಕು. ಆ ಫಂಕ್ಷನ್ ಮೊದಲು ಎನ್‌ಎಫ್‌ಸಿ ಮಾಡುತ್ತದೆ, ಅಂದರೆ ಒಡೆದ ಅಕ್ಷರಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಇದೂ ಸುಮ್ನೆ ಅಲ್ಲ: 'ಬೇಸಿಗೆ'ಯ ಏತ್ವದ ದೀರ್ಘವನ್ನು ಒಂದೇ ಕೋಡ್‌ಪಾಯಿಂಟ್ (ಯುನಿಕೋಡ್ ಪಟ್ಟಿಯ ಒಂದು ಸ್ಥಾನ) ಆಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಹಳೇ ಮ್ಯಾಕ್‌ನಿಂದ ಫೈಲುಗಳನ್ನು ಆರ್‌ಸಿಂಕ್‌ನಲ್ಲಿ ನಕಲು ಮಾಡಿದಾಗ ಒಡೆದದ್ದು ಬಂತು, ಬೇಸಿಗೆ ಪುಟವೂ 404 ಆಗಿತ್ತು. ಆಮೇಲೆ, ಗುರುತು ಇರುವ ವಿಳಾಸ, ಇಲ್ಲದ ವಿಳಾಸ ಎರಡೂ ಒಂದೇ ಪುಟಕ್ಕೆ ರೀಡೈರೆಕ್ಟ್ ಆಗುತ್ತವೆ. ಉತ್ತರಗಳನ್ನು ಹುಡುಕುವಾಗಲೂ ಎರಡೂ ವಿಳಾಸದ ಹೆಸರಲ್ಲಿ ಕೇಳುತ್ತೇನೆ. ಸಾವಿರಾರು ಪುಟಕ್ಕೆ ರೀಡೈರೆಕ್ಟ್ ಸಾಲುಗಳನ್ನು ಕೈಯಲ್ಲಿ ಬರೆಯದೆ ಕ್ಯಾಡಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೇನೆ. ಆ ಸಾಲು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸ್ಪ್ಯಾಮ್ ತಡೆಯುವ ನಿಯಮವೂ ಅಷ್ಟೇ, ಹೇಳಿದರೆ ಕೆಲಸ ಕೆಡುತ್ತದೆ.

ಇನ್ನೊಂದು ತೊಂದರೆ ವಾಟ್ಸಾಪ್‌ನಲ್ಲಿ ಹಂಚುವಾಗ. ಕನ್ನಡದ ಒಂದೊಂದು ಕೋಡ್‌ಪಾಯಿಂಟ್ ಲಿಂಕ್‌ನಲ್ಲಿ % ಚಿಹ್ನೆಗಳೂ ಸೇರಿ ಒಂಬತ್ತು ಅಕ್ಷರ ಆಗುತ್ತದೆ. 'ಬೆಂಗಳೂರು' ಒಂದೇ ಪದಕ್ಕೆ 72. ಚಿಕ್ಕಮ್ಮ ಫೋನ್ ಮಾಡಿ, "ಏನೋ ಶೇಕಡಾ ಶೇಕಡಾ ಅಂತ ಬಂದಿದೆ, ವೈರಸ್ಸಾ?" ಅಂತ ಕೇಳಿದರು. ಅದಕ್ಕೆ ಪ್ರತಿ ಬರಹಕ್ಕೂ ವರ್ಷ ಮತ್ತು ಕ್ರಮಸಂಖ್ಯೆಯ ಗಿಡ್ಡ ವಿಳಾಸ ಕೊಟ್ಟಿದ್ದೇನೆ, ಅದು ಉದ್ದದ್ದಕ್ಕೆ ಹೋಗುತ್ತದೆ. ಗೆಳೆಯನ ವರ್ಡ್‌ಪ್ರೆಸ್‌ನಲ್ಲಿ ವಿಳಾಸಕ್ಕೆ 200 ಅಕ್ಷರದ ಮಿತಿ. ಕನ್ನಡಕ್ಕೆ ಅದು 22 ಕೋಡ್‌ಪಾಯಿಂಟಿಗೆ ಮುಗಿಯುತ್ತದೆ. ಅವನ ಉದ್ದ ಶೀರ್ಷಿಕೆಗಳೆಲ್ಲ ಅರ್ಧಕ್ಕೆ ಕತ್ತರಿಸಿಹೋಗಿವೆ. ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ಡೊಮೇನ್ ಸಿಗುತ್ತದೆ. ಅದನ್ನೂ ಒಂದು ವರ್ಷ ಇಟ್ಟುಕೊಂಡೆ. ನೋಡಲು ಬಹಳ ಚಂದ. ಆದರೆ ಕೆಲವು ಆಪ್‌ಗಳಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು, ಬಿಟ್ಟೆ. ಮುಂದೆ ಮತ್ತೆ ತೆಗೆದುಕೊಳ್ಳುವ ಆಸೆ ಇದೆ.

ಫೋಟೋ ಬಗ್ಗೆ ಒಂದೇ ಮಾತು: ಏರಿಸುವ ಮೊದಲು ಎಕ್ಸಿಫ್, ಅಂದರೆ ಫೋಟೋ ಫೈಲಿನೊಳಗೆ ಅಡಗಿರುವ ಜಾಗ, ಹೊತ್ತಿನ ಮಾಹಿತಿ, ತೆಗೆಯಿರಿ. ನನ್ನ ಬಾಲ್ಕನಿಯಿಂದ ತೆಗೆದ ಚಿತ್ರಗಳಲ್ಲಿ ಮನೆಯ ಜಾಗ ಅಷ್ಟೂ ಇತ್ತು, ಎಂಟು ತಿಂಗಳು ಗಮನಿಸಿರಲಿಲ್ಲ. ಫಾಂಟ್ ಗಾತ್ರ ಇಳಿಸಲು ಆನ್‌ಲೈನ್ ಟೂಲ್ ಒಂದನ್ನು ಬಳಸಿದಾಗ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡವು. ಅಕ್ಷರ ಉಳಿಸಿ ಜೋಡಿಸುವ ನಿಯಮಗಳನ್ನೇ ಅದು ಕಿತ್ತು ಹಾಕಿತ್ತು. ಈಗ ಓದುವವರ ಫೋನಿನ ಫಾಂಟೇ ಸಾಕು ಅಂತ ಬಿಟ್ಟಿದ್ದೇನೆ.

ಈಗ ನಾವು ಐದು ಜನ ಇದ್ದೇವೆ: ಧಾರವಾಡ, ಮೈಸೂರು, ಶಿವಮೊಗ್ಗ, ಇಲ್ಲಿ ಇಬ್ಬರು. ಐದೂ ಸೈಟಿನ ತಳದಲ್ಲಿ 'ಹಿಂದಿನ ಮನೆ, ಮುಂದಿನ ಮನೆ' ಅಂತ ವೆಬ್‌ರಿಂಗ್, ಅಂದರೆ ಒಂದು ಸೈಟಿನಿಂದ ಇನ್ನೊಂದಕ್ಕೆ ಹೋಗುವ ಲಿಂಕುಗಳ ಸರಪಳಿ, ಇದೆ. ಪಟ್ಟಿ ಒಂದು ಜೇಸನ್ ಫೈಲು. ಯಾರದಾದರೂ ಸೈಟು ನಿಂತಿದ್ದರೆ ನನ್ನ ಸ್ಕ್ರಿಪ್ಟ್ ಅವರನ್ನು ದಾಟಿ ಮುಂದಿನವರಿಗೆ ಕಳಿಸುತ್ತದೆ. ನನ್ನ ಡೊಮೇನ್ ಹೋದ ದಿನಗಳನ್ನು ನೆನೆಸಿಕೊಂಡೇ ಅದನ್ನು ಬರೆದೆ. ಮ್ಯಾಸ್ಟೊಡಾನ್ ಅನ್ನುವ ಸೋಷಿಯಲ್ ಮೀಡಿಯಾದಲ್ಲೂ ಹಾಕುತ್ತೇನೆ, ಆದರೆ ಮೊದಲು ಮನೆಯಲ್ಲಿ, ಆಮೇಲೆ ಊರಲ್ಲಿ. ಅಲ್ಲಿ ಬಂದ ಉತ್ತರಗಳನ್ನು ಬ್ರಿಡ್ಜಿ ಅನ್ನುವ ಸೇವೆ ಮನೆಗೆ ತಂದುಕೊಡುತ್ತದೆ. ಆ ಖಾತೆ ನನ್ನದೇ ಅಂತ ತೋರಿಸುವ ರೆಲ್-ಮಿ ಲಿಂಕ್ ನನ್ನ ಸೈಟಿನಲ್ಲಿ ಹಾಕಿದ್ದರಿಂದ ಅಲ್ಲಿ ನನ್ನ ಸೈಟಿನ ಹೆಸರಿಗೆ ಹಸಿರು ಗುರುತೂ ಸಿಕ್ಕಿದೆ.

ಡೊಮೇನ್ 800, ನನ್ನ ಪಾಲಿನ ಸರ್ವರ್ 2,700. ವರ್ಷಕ್ಕೆ ಮೂರೂವರೆ ಸಾವಿರ, ಅಷ್ಟೇ. ಹೋದ ಬೇಸಿಗೆಯಲ್ಲಿ ಹಳದಿ ಟಬೆಬುಯಾ ಬರಹಕ್ಕೆ ಹನ್ನೊಂದೋ ಹನ್ನೆರಡೋ ಉತ್ತರ ಬಂದವು. ಶಿವಮೊಗ್ಗದವರು ತಮ್ಮ ಕಾಲೇಜಿನ ಮರದ ತಾರೀಖು ಬರೆದಿದ್ದರು, ನಮ್ಮದಕ್ಕಿಂತ ಒಂಬತ್ತು ದಿನ ತಡ. ಆ ತಾರೀಖು ಅವರ ಸೈಟಿನಲ್ಲೂ ಇದೆ, ನನ್ನ ಸೈಟಿನಲ್ಲೂ ಇದೆ, ರಾತ್ರಿ ಪೈ ತೆಗೆಯುವ ಬ್ಯಾಕಪ್‌ನಲ್ಲೂ ಇದೆ.

ನಿಮ್ಮ ಸೈಟಿನಿಂದ ವೆಬ್‌ಮೆನ್ಷನ್ ಕಳಿಸಿ ನೋಡಬೇಕಿದ್ದರೆ ಲಾಲ್‌ಬಾಗ್ ಪುಟಕ್ಕೇ ಕಳಿಸಿ. ವಿಳಾಸದಲ್ಲಿ ಆ ಕಾಣದ ಗುರುತು ಹಾಕಿ ಒಂದು ಸಲ, ಹಾಕದೆ ಒಂದು ಸಲ. ಎರಡೂ ತಲುಪುತ್ತವೆ.