98.3ರಲ್ಲಿ ಎರಡು ಊರು: ಕಾರವಾರದಿಂದ ಭಟ್ಕಳದವರೆಗೆ ಎಫ್‌ಎಂ ಹಿಡಿಯುವುದು ಹೇಗೆ

ಅಂಕೋಲೆಯ ನನ್ನ ಅಂಗಡಿಗೆ ಈಗ ರೇಡಿಯೊ ರಿಪೇರಿಗೆ ಬರುವುದು ತಿಂಗಳಿಗೆ ಒಂದೋ ಎರಡೋ. ಉಳಿದದ್ದೆಲ್ಲ ಮಿಕ್ಸಿ, ಫ್ಯಾನು, ನೀರೆತ್ತುವ ಪಂಪು. ಆದರೆ ರೇಡಿಯೊ ತಂದವರು ಕೇಳುವ ಪ್ರಶ್ನೆ ಮೂವತ್ತು ಚಿಲ್ಲರೆ ವರ್ಷದಿಂದ ಒಂದೇ. ಕಾರವಾರದ ಕಡೆಯವರಾದರೆ, "ಇದ್ರಲ್ಲಿ ಗೋವಾ ಹಿಡೀತದಾ?" ಭಟ್ಕಳದ ಕಡೆಯವರಾದರೆ, "ಮಂಗಳೂರು ಬರ್ತದಾ ಮಾರಾಯ್ರೆ?"

ಹಿಡಿಯುತ್ತದೆ. ಆದರೆ ಎಲ್ಲ ಕಡೆ ಅಲ್ಲ, ಎಲ್ಲ ದಿನವೂ ಅಲ್ಲ. ಹೇಗೆ ಹಿಡಿಯಬೇಕು ಅಂತ ಅಂಗಡಿ ಕಟ್ಟೆಯ ಮೇಲೆ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಬರೆದೇ ಬಿಡುತ್ತಿದ್ದೇನೆ.

ಮೊದಲು ಯಾರು ಎಲ್ಲಿದ್ದಾರೆ ನೋಡಿ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಎಫ್‌ಎಂ ನಿಲಯ ಇಲ್ಲ. ನಮ್ಮದು ಅಂತ ಇರುವುದು ಕಾರವಾರ ಆಕಾಶವಾಣಿ, 102.3. ಜಾಹೀರಾತು ಹಾಕಿ, ಸಿನಿಮಾ ಹಾಡು ಹಾಕಿ, ಪಟಪಟ ಮಾತಾಡುವ ನಿಲಯಗಳೆಲ್ಲ ಉತ್ತರಕ್ಕೆ ಪಣಜಿಯಲ್ಲಿ, ದಕ್ಷಿಣಕ್ಕೆ ಮಂಗಳೂರಿನಲ್ಲಿ. ಪಣಜಿಯಲ್ಲಿ ಮಿರ್ಚಿ 98.3, ಬಿಗ್ 92.7, ಇಂಡಿಗೊ 91.9. ಮಂಗಳೂರಿನಲ್ಲಿ ಮಿರ್ಚಿ 98.3, ಬಿಗ್ 92.7, ರೆಡ್ 93.5. ಎರಡು ಸಂಖ್ಯೆ ಎರಡೂ ಊರಿಗೆ ಒಂದೇ, ಗಮನಿಸಿದಿರಾ? ಅದರ ಕತೆ ಮುಂದೆ ಬರುತ್ತದೆ.

ಈ ನಿಲಯಗಳ ಹೊಟ್ಟೆ ತುಂಬುವುದು ಊರಿನ ಜಾಹೀರಾತಿನಿಂದ. ಮಡಗಾಂವಿನ ಫರ್ನಿಚರ್ ಅಂಗಡಿ, ಮಂಗಳೂರಿನ ಚಿನ್ನದ ಅಂಗಡಿ ದುಡ್ಡು ಕೊಡುತ್ತವೆ. ಗೋಪುರ ನಿಂತಿರುವುದೂ ಆ ಊರಿನ ಕಿವಿಗಾಗಿ. ನಮ್ಮ ಮನೆಗೆ ಬಂದು ಬೀಳುವುದು ಅದರ ಚೆಲ್ಲಿದ ಪಾಲು. ಆದ್ದರಿಂದ "ಸರಿಯಾಗಿ ಕೇಳ್ತಿಲ್ಲ" ಅಂತ ಅವರಿಗೆ ದೂರಿ ಉಪಯೋಗವಿಲ್ಲ. ಏನು ಮಾಡುವುದಿದ್ದರೂ ನಮ್ಮ ಮಾಡಿನ ಮೇಲೇ ಮಾಡಬೇಕು.

ಸೆಟ್ ಹಾಳು ಅಂತ ತೀರ್ಮಾನ ಮಾಡುವ ಮೊದಲು ಮೂರು ನಿಲಯ ನೋಡಿ. 102.3 ಸ್ವಚ್ಛ ಬಂದರೆ ಸೆಟ್ ಚೆನ್ನಾಗಿದೆ. ಆಮೇಲೆ 105.4ಕ್ಕೆ ಹೋಗಿ. ಅದು ಪಣಜಿ ಆಕಾಶವಾಣಿಯ ರೇನ್‌ಬೋ. ಅದರ ಮಾತು ಅರ್ಥವಾಗುವಷ್ಟು ಬಂದರೆ ಗೋವಾದ ಖಾಸಗಿ ನಿಲಯಗಳ ಹಿಂದೆ ಬೀಳುವುದಕ್ಕೆ ಅರ್ಥವಿದೆ. ದಕ್ಷಿಣಕ್ಕೆ ಇದೇ ಕೆಲಸ ಮಂಗಳೂರು ಆಕಾಶವಾಣಿಯ 100.3 ಮಾಡುತ್ತದೆ. ಅದೂ ಬರೀ ಕರಕರ ಅಂದರೆ ಮಿಕ್ಕವಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹುಡುಕುವಾಗ ಆಟೋ ಸ್ಕ್ಯಾನ್ ಒತ್ತಬೇಡಿ. ಬಡಕಲು ಸಿಗ್ನಲ್ ಕಂಡರೆ ಅದು ನಿಲ್ಲದೆ ಹಾರಿ ಹೋಗುತ್ತದೆ. ಕೈಯಲ್ಲೇ ಒಂದೊಂದು ಹೆಜ್ಜೆ ತಿರುಗಿಸಿ.

ಇನ್ನು ಜಾಗ. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ, ನೇರ ಹೋಗುತ್ತದೆ. ಭೂಮಿ ದುಂಡಗಿರುವುದರಿಂದ ಒಂದು ದೂರಕ್ಕೆ ಮುಗಿಯುತ್ತದೆ. ನಾವು ಮೆಕ್ಯಾನಿಕ್‌ಗಳು ಹಾಕುವ ಲೆಕ್ಕ ಸುಲಭ. ಎತ್ತರ ಎಷ್ಟು ಮೀಟರ್ ನೋಡಿ, ಅದರ ವರ್ಗಮೂಲ ತೆಗೆದು 4ರಿಂದ ಗುಣಿಸಿ, ಅಷ್ಟು ಕಿಲೋಮೀಟರ್. ಗುಡ್ಡ, ಗೋಪುರ ಸೇರಿ 100 ಮೀಟರ್ ಇದ್ದರೆ 40 ಕಿಲೋಮೀಟರ್. ನಿಮ್ಮ ತಾರಸಿಯ ಮೇಲಿನ ಏರಿಯಲ್ 9 ಮೀಟರ್ ಎತ್ತರದಲ್ಲಿದ್ದರೆ ಇನ್ನೊಂದು 12. ಒಟ್ಟು 52. ಕಾರವಾರದಿಂದ ಪಣಜಿಗೆ ಕಾಗೆ ಹಾರಿದ ದೂರವೇ 80 ಕಿಲೋಮೀಟರ್ ಆಸುಪಾಸು. ಅಂದರೆ ನಾವು ಕೇಳುತ್ತಿರುವುದು ಅಂಚಿನಾಚೆಯ ಸಿಗ್ನಲ್. ಇಲ್ಲಿ ಒಂದು ಮಾಳಿಗೆಯ ಎತ್ತರವೂ ಲೆಕ್ಕಕ್ಕೆ ಬರುತ್ತದೆ.

ಗುಡ್ಡದ ನೆರಳು ಅದಕ್ಕಿಂತ ದೊಡ್ಡ ತೊಂದರೆ. ಮಾಜಾಳಿಯಲ್ಲಿ, ಕೋಡಿಬಾಗದ ಕಡಲ ದಂಡೆಯಲ್ಲಿ ಗೋವಾ ಸಲೀಸಾಗಿ ಬಂದರೆ, ಗುಡ್ಡ ದಾಟಿ ಬಿಣಗಾಕ್ಕೆ ಬಂದಾಗ ಅದೇ ಸೆಟ್ ಮೂಕವಾಗುತ್ತದೆ. ಹೆದ್ದಾರಿಯ ಸುರಂಗದೊಳಗಂತೂ ಪೂರ್ತಿ ಸತ್ತೇ ಹೋಗುತ್ತದೆ ಬಿಡಿ. ಮನೆ ಯಾವ ಗುಡ್ಡದ ಯಾವ ಮಗ್ಗುಲಿಗಿದೆ ಅಂತ ಕೇಳದೆ ನಾನು ಏರಿಯಲ್ ಕಟ್ಟಲು ಹೊರಡುವುದಿಲ್ಲ. ಎಷ್ಟೋ ಸಲ ಗಿರಾಕಿಗೆ ಏನೂ ಕಟ್ಟಬೇಕಾಗಿಲ್ಲ. ರೇಡಿಯೊವನ್ನು ಅಡುಗೆಮನೆಯಿಂದ ತೆಗೆದು ಸಮುದ್ರದ ಕಡೆಯ ಕಿಟಕಿಗೆ ಇಟ್ಟರೆ ಮುಗಿಯಿತು.

ಅದರಿಂದ ಆಗದಿದ್ದರೆ ಏರಿಯಲ್ ನೀವೇ ಮಾಡಿ. ಪೇಟೆಯಲ್ಲಿ ಸಿಗುವ ಬಣ್ಣದ ಡಬ್ಬಿಯದಕ್ಕಿಂತ ಇದೇ ವಾಸಿ.

ಬೇಕಾದದ್ದು ಮನೆ ವೈರಿಂಗಿನ ತಾಮ್ರದ ತಂತಿ, ಒಂದೂವರೆ ಮೀಟರಿನ ಪಿವಿಸಿ ಪೈಪು, ಬೇಕಾದಷ್ಟು ಉದ್ದದ ಡಿಶ್ ಕೇಬಲ್. ತಂತಿಯನ್ನು 73 ಸೆಂಟಿಮೀಟರಿನ ಎರಡು ತುಂಡು ಮಾಡಿ. ಈ ಅಳತೆ 98ರ ಸುತ್ತಮುತ್ತಲಿನ ನಿಲಯಗಳಿಗೆ ಸರಿಹೊಂದುತ್ತದೆ, 92.7ಕ್ಕೂ ನಡೆಯುತ್ತದೆ. ಎರಡೂ ತುಂಡುಗಳನ್ನು ಪೈಪಿನ ಮೇಲೆ ಒಂದೇ ಗೆರೆಯಲ್ಲಿ ಕಟ್ಟಿ. ನಡುವೆ ಒಂದೆರಡು ಸೆಂಟಿಮೀಟರ್ ಸಂದು ಬಿಡಿ, ತುದಿಗಳು ಮುಟ್ಟಬಾರದು. ಆ ಸಂದಿನಲ್ಲಿ ಡಿಶ್ ಕೇಬಲಿನ ನಡುವಿನ ತಂತಿಯನ್ನು ಒಂದು ತುಂಡಿಗೆ, ಹೊರಗಿನ ಜಾಲರಿಯನ್ನು ಇನ್ನೊಂದಕ್ಕೆ ಸೇರಿಸಿ. ಜಾಲರಿಗೆ ಬೆಸುಗೆ ಹಾಕಲು ಹೋಗಿ ಕೈ ಸುಟ್ಟುಕೊಳ್ಳಬೇಡಿ. ಅಗ್ಗದ ಕೇಬಲಿನಲ್ಲಿ ಅದು ಅಲ್ಯುಮಿನಿಯಂ, ಸೀಸ ಹಿಡಿಯುವುದಿಲ್ಲ. ಸ್ಕ್ರೂ ಇರುವ ಕನೆಕ್ಟರಿಗೆ ಹಾಕಿ ಬಿಗಿ ಮಾಡಿ, ಮೇಲೆ ಎಂ-ಸೀಲ್ ಮೆತ್ತಿ. ಮೆತ್ತದಿದ್ದರೆ ಉಪ್ಪುಗಾಳಿ ಒಂದೇ ಮಳೆಗಾಲದಲ್ಲಿ ಅಲ್ಯುಮಿನಿಯಮ್ಮನ್ನು ಬಿಳಿ ಹಿಟ್ಟು ಮಾಡಿಬಿಡುತ್ತದೆ.

ಪೈಪನ್ನು ಹೇಗೆ ನಿಲ್ಲಿಸಬೇಕು ಅನ್ನುವಲ್ಲೇ ಜಾಸ್ತಿ ಜನ ತಪ್ಪುವುದು. ನಿಲಯದ ಕಡೆಗೆ ಕೋಲನ್ನು ಬಂದೂಕಿನ ಹಾಗೆ ಗುರಿಯಿಡುತ್ತಾರೆ. ಇದು ಬೇರೆ. ಇದರ ಮಗ್ಗುಲು ನಿಲಯಕ್ಕೆ ಮುಖ ಮಾಡಬೇಕು. ಗೋವಾ, ಮಂಗಳೂರು ಎರಡೂ ಕರಾವಳಿಯ ಉದ್ದಕ್ಕೇ ಇರುವುದರಿಂದ ಪೈಪಿನ ಒಂದು ತುದಿ ಸಮುದ್ರಕ್ಕೆ, ಇನ್ನೊಂದು ತುದಿ ಘಟ್ಟಕ್ಕೆ ಇರಲಿ. ಮೊದಲು ಅಡ್ಡಲಾಗಿ ಕೇಳಿ, ಆಮೇಲೆ ನೆಟ್ಟಗೆ ನಿಲ್ಲಿಸಿ ಕೇಳಿ. ಯಾವುದು ಚೆನ್ನಾಗಿದೆಯೋ ಹಾಗೇ ಕಟ್ಟಿ.

ಸಣ್ಣ ಸೆಟ್‌ಗೆ ಕೇಬಲ್ ಹಾಕುವ ತೂತೇ ಇರುವುದಿಲ್ಲ ಅಲ್ವಾ? ನಡುವಿನ ತಂತಿಗೆ ಹಲ್ಲಿನ ಕ್ಲಿಪ್ಪು ಸೇರಿಸಿ ಸೆಟ್‌ನ ಸ್ಟೀಲ್ ಕಡ್ಡಿಗೆ ಕಚ್ಚಿಸಿ. ಜಾಲರಿಯನ್ನು ಬ್ಯಾಟರಿ ಗೂಡಿನಲ್ಲಿ ಮೈನಸ್ ವೈರ್ ಹೊರಡುವ ಸ್ಪ್ರಿಂಗಿಗೆ ಮುಟ್ಟಿಸಿ. ಅಡಾಪ್ಟರ್ ಹಾಕದೆ ಬ್ಯಾಟರಿಯಲ್ಲೇ ಓಡಿಸಿ, ಕರೆಂಟಿನ ಗುಂಯ್ ಸದ್ದೂ ತಪ್ಪುತ್ತದೆ.

ಈಗ 98.3ರ ಕತೆ. ಕುಮಟೆಯಲ್ಲಿ ಒಬ್ಬರು ನಿವೃತ್ತ ಅಕ್ಕೋರು, ಅಂದರೆ ಶಾಲೆಯ ಟೀಚರು, ಇದ್ದಾರೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಫೋನ್ ಮಾಡಿ, "ತಮಾ, ನನ್ನ ರೇಡಿಯೊಕ್ಕೆ ತಲೆ ಕೆಟ್ಟದೆ. ಕನ್ನಡ ಮಾತಾಡ್ತಾ ಮಾತಾಡ್ತಾ ಹಿಂದಿಗೆ ಹಾರ್ತದೆ" ಅಂದರು. ಹೋಗಿ ನೋಡಿದೆ. ನಿಜವೇ. ಅರ್ಧ ಹಾಡಿನಲ್ಲಿ ಮಂಗಳೂರು ಕಣ್ಮರೆ, ಗೋವಾದ ಜಾಹೀರಾತು ಹಾಜರು. ಅಕ್ಕೋರು ಸೆಟ್‌ನ ನೆತ್ತಿಗೆ ಒಂದು ಏಟು ಕೊಟ್ಟರು, ಮತ್ತೆ ಮಂಗಳೂರು ಬಂತು. ಅವರ ಏಟಿನಿಂದಲೇ ಬಂತು ಅಂತ ಇವತ್ತಿಗೂ ನಂಬಿದ್ದಾರೆ.

ಕುಮಟೆಗೆ ಪಣಜಿ ಸುಮಾರು 130 ಕಿಲೋಮೀಟರ್, ಮಂಗಳೂರು ಸುಮಾರು 180. ಬೇರೆ ದಿನಗಳಲ್ಲಿ ಎರಡೂ ಬರುವ ಮಾತಿಲ್ಲ. ಆದರೆ ಮಳೆಗಾಲಕ್ಕೆ ಮುಂಚಿನ ಬಿಸಿಲಿನಲ್ಲಿ ಸಮುದ್ರದ ಮೇಲೆ ತಂಪು ಗಾಳಿಯ ಪದರ ಕೆಳಗೆ, ಬಿಸಿ ಗಾಳಿ ಮೇಲೆ ನಿಲ್ಲುತ್ತದೆ. ಅಲೆ ಮೇಲೆ ಹಾರಿ ಹೋಗದೆ ಅದರೊಳಗೆ ಕೊಳವೆಯಲ್ಲಿ ನೀರು ಹರಿದ ಹಾಗೆ ದೂರ ಹರಿಯುತ್ತದೆ. ಇಂಥ ಸಂಜೆಗಳಲ್ಲಿ ಅರಬಿ ಸಮುದ್ರದ ಆಚೆಯ ಕೊಲ್ಲಿ ದೇಶಗಳ ಎಫ್‌ಎಂ ಕೂಡ ನಮ್ಮ ದಂಡೆಯಲ್ಲಿ ಕೇಳುವುದುಂಟು. ಮತ್ತೆ ಎಫ್‌ಎಂ ಸೆಟ್‌ಗೆ ಒಂದು ಗುಣವಿದೆ. ಒಂದೇ ಸಂಖ್ಯೆಯಲ್ಲಿ ಇಬ್ಬರು ಬಂದರೆ ಎರಡನ್ನೂ ಕಲಸುವುದಿಲ್ಲ, ಜೋರಿದ್ದವನನ್ನೇ ಹಿಡಿದುಕೊಳ್ಳುತ್ತದೆ. ಇಬ್ಬರೂ ಸರಿಸಮ ಇದ್ದರೆ ಅಕ್ಕೋರ ರೇಡಿಯೊದ ಹಾಗೆ ಅತ್ತಿತ್ತ ಹಾರುತ್ತದೆ.

ಇದಕ್ಕೆ ಔಷಧ ಇದೆ. ನಾನು ಹೇಳಿದ ಏರಿಯಲ್‌ಗೆ ಮುಂದು ಹಿಂದು ಗೊತ್ತಾಗುವುದಿಲ್ಲ, ಉತ್ತರ ದಕ್ಷಿಣ ಎರಡನ್ನೂ ಒಂದೇ ಸಮ ಕೇಳುತ್ತದೆ. ಬೇಡದ ಊರಿನ ಕಡೆ, 75 ಸೆಂಟಿಮೀಟರ್ ಹಿಂದೆ, 155 ಸೆಂಟಿಮೀಟರಿನ ಒಂದು ಅಖಂಡ ಅಲ್ಯುಮಿನಿಯಂ ಕೋಲನ್ನು ಏರಿಯಲ್‌ಗೆ ಸಮಾನಾಂತರವಾಗಿ ಕಟ್ಟಿ. ಅದಕ್ಕೆ ಯಾವ ವೈರೂ ಬೇಡ. ಹಿಂದಿನಿಂದ ಬರುವುದನ್ನು ಸಾಕಷ್ಟು ತಡೆಯುತ್ತದೆ, ಮುಂದಿನದಕ್ಕೆ ಬಲ ಕೊಡುತ್ತದೆ. ಅಕ್ಕೋರ ಮನೆಯಲ್ಲಿ ಕೋಲನ್ನು ಉತ್ತರಕ್ಕೆ ಕಟ್ಟಿದೆ. ಈಗ ಅಂಥ ಸಂಜೆಗಳಲ್ಲಿ ಅವರಿಗೆ ಮಂಗಳೂರೇ ಹೆಚ್ಚು. ಸೆಕೆ ಹೋದ ಮೇಲೆ ಎರಡೂ ಇಲ್ಲ, ಅದು ಬೇರೆ ಮಾತು.

ಭಟ್ಕಳದಿಂದ ಮಂಗಳೂರು 130 ಕಿಲೋಮೀಟರ್ ಹತ್ತಿರ ಆಗುತ್ತದೆ. ಅಲ್ಲಿಯವರು ಎತ್ತರದ ಮನೆಯಲ್ಲಿ ಈ ಕೋಲು ಸಮೇತದ ಏರಿಯಲ್ ಹಾಕಿದರೂ ದಿನವೂ ಸಿಗುತ್ತದೆ ಅಂತ ನಾನು ಭರವಸೆ ಕೊಡುವುದಿಲ್ಲ.

ಬೂಸ್ಟರ್ ಹಾಕಬೇಡಿ. ಇದನ್ನು ನನ್ನ ಕೈಯಾರೆ ಕಲಿತದ್ದು. ಕಾರವಾರದ ಒಂದು ಮನೆಯಲ್ಲಿ ಗೋವಾ ಸ್ವಲ್ಪ ಮಂಕು ಅಂತ ಹಳೇ ಟಿವಿ ಬೂಸ್ಟರ್ ಸೇರಿಸಿದೆ. ಮುಳ್ಳು ಎಲ್ಲಿ ತಿರುಗಿಸಿದರೂ 102.3ರ ಅದೇ ಯಕ್ಷಗಾನ! ಹತ್ತಿರದ ಗೋಪುರದ ಬಲವನ್ನೂ ಅದು ಹತ್ತು ಪಟ್ಟು ಮಾಡಿ ಸೆಟ್‌ನ ಕಿವಿ ತುಂಬಿಸಿತ್ತು. ಆ ಮನೆಯ ಯಜಮಾನರು ಸಿಟ್ಟು ಮಾಡಲಿಲ್ಲ, ಪ್ರಸಂಗ ಮುಗಿಯುವವರೆಗೆ ಕೇಳಿ ಚಹಾ ಕೊಟ್ಟು ಕಳಿಸಿದರು. ಬೂಸ್ಟರ್ ಇಲ್ಲದೆಯೂ ಅಗ್ಗದ ಸೆಟ್‌ನಲ್ಲಿ ಹೀಗಾದರೆ ಕಡ್ಡಿಯನ್ನು ಅರ್ಧ ಒಳಗೆ ತಳ್ಳಿ.

ಕರಕರ ಕಡಿಮೆ ಮಾಡಲು ಸುಲಭ ಉಪಾಯ ಮೋನೊ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು. ಸ್ಟೀರಿಯೊಗೆ ತುಂಬಾ ಗಟ್ಟಿ ಸಿಗ್ನಲ್ ಬೇಕು. ಸ್ವಿಚ್ ಇದ್ದರೆ ಮೋನೊಗೆ ಹಾಕಿ, ಮಳೆ ನಿಂತ ಹಾಗೆ ಆಗುತ್ತದೆ. ಆಮೇಲೆ ಪಕ್ಕದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಒಂದೊಂದೇ ಆರಿಸಿ ನೋಡಿ. ಕಳ್ಳ ಅಲ್ಲೇ ಸಿಗುತ್ತಾನೆ.

ಮೊಬೈಲಿನಲ್ಲಿ ಎಫ್‌ಎಂ ಇದ್ದರೆ ಇಯರ್‌ಫೋನಿನ ವೈರೇ ಏರಿಯಲ್. ಸುರುಳಿ ಸುತ್ತಿ ಜೇಬಿನಲ್ಲಿ ಇಟ್ಟರೆ ಬರುವುದಿಲ್ಲ, ನೀಟಾಗಿ ಇಳಿಬಿಡಿ.

ಶಿರಸಿಯವರು ನನ್ನನ್ನು ಬೈಯಬಾರದು, ಅವರ ಸಂಗತಿಯೇ ಬೇರೆ. ಎತ್ತರದಲ್ಲಿದ್ದಾರೆ ನಿಜ, ಆದರೆ ಮನೆ ಇರುವುದು ತೋಟದ ತಗ್ಗಿನಲ್ಲಿ. ದೇವಿಮನೆ ಘಟ್ಟದ ನೆತ್ತಿಯಲ್ಲಿ ಗಾಡಿ ನಿಲ್ಲಿಸಿದರೆ ಎಷ್ಟೋ ನಿಲಯ ಮುಖ ತೋರಿಸುತ್ತವೆ, ತೋಟದ ಮನೆಗೆ ಇಳಿದರೆ ಒಂದೂ ಇಲ್ಲ. ತಗ್ಗಿನ ಮನೆಗೆ ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ 765 ಇವತ್ತಿಗೂ ನಂಬಿಗಸ್ತ. ಆ ಅಲೆ ನೆಲ ಹಿಡಿದು ಬರುತ್ತದೆ, ಗುಡ್ಡಕ್ಕೆ ಅಷ್ಟು ಹೆದರುವುದಿಲ್ಲ.

ಅಂಗಡಿ ಇಟ್ಟವರಿಗೂ ಒಂದು ಮಾತು. ಗೋವಾದ ನಿಲಯದಲ್ಲಿ ಜಾಹೀರಾತು ಕೊಡೋಣ ಅಂತ ಕಾರವಾರದ ಒಬ್ಬರು ಸಲಹೆ ಕೇಳಿದ್ದರು. ನಾನು ಅಂದೆ, ದುಡ್ಡು ಕೊಡುವ ಮೊದಲು ಒಂದು ಸಣ್ಣ ರೇಡಿಯೊ ಹಿಡಿದು ನಿಮ್ಮ ಗಿರಾಕಿಗಳ ಕೇರಿಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಿರುಗಿ ಬನ್ನಿ. ಕೇಳಿಸಿದರೆ ಕೊಡಿ. ಅವರು ತಿರುಗಿ ಬಂದು 102.3ಕ್ಕೇ ಕೊಟ್ಟರು.

ಗೋವಾ ಎಷ್ಟೇ ಚೆನ್ನಾಗಿ ಬರಲಿ, ಮಳೆಗಾಲದಲ್ಲಿ 102.3 ಬಿಡಬೇಡಿ. ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನು ಹಾಗೆಯೇ ಮರುಪ್ರಸಾರ ಮಾಡಬಹುದು, ಅಷ್ಟೇ. ಹವಾಮಾನ, ಟ್ರಾಫಿಕ್ ಹೇಳಬಹುದು, ಆದರೆ ಹೇಳುವುದು ಅವರ ಊರಿನದು. 2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಂಥ ದಿನ ಬೇಕಾಗುವುದು ನಮ್ಮ ಜಿಲ್ಲೆಯ ನಿಲಯ.

ಕೊನೆಗೆ ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು, ಅಕ್ಟೋಬರಿನ ಗುಡುಗು ಎರಡೂ ಕೆಟ್ಟವು. ಮೊದಲ ಸದ್ದಿಗೇ ಕ್ಲಿಪ್ಪು ಬಿಚ್ಚಿ ಕೇಬಲ್ ತುದಿಯನ್ನು ಕಿಟಕಿಯಿಂದ ಹೊರಗೆ ಹಾಕಿ. ಗುಡುಗು ತಲೆಯ ಮೇಲೇ ಬಂದಿದ್ದರೆ ಅದನ್ನೂ ಮುಟ್ಟಬೇಡಿ. ಸೆಟ್ ಸುಟ್ಟರೆ ನನ್ನ ಹತ್ತಿರ ತನ್ನಿ, ನೋಡೋಣ.