ಬೇಸಿಗೆ ರಜೆಯಲ್ಲಿ ಆರು ಮನೆಗಳ ಕೂಟ: ನನ್ನ ಅನುಭವ

ನಮ್ಮದು ಕೊಂಕಣಿ ಮಾತಿನ ಕಥೋಲಿಕ ಕ್ರೈಸ್ತ ಕುಟುಂಬ. ನನ್ನ ಮಾವನವರ ತಂದೆ ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ ಮಾಡಿದವರು. ಅವರ ಆರು ಮಕ್ಕಳ ಸಂಸಾರಗಳು ಇಂದು ಶಿವಮೊಗ್ಗ, ಸಾಗರ, ಮಂಗಳೂರು, ಬೆಂಗಳೂರು ಮತ್ತು ಕೊಲ್ಲಿ ದೇಶಗಳಲ್ಲಿ ಹರಡಿಕೊಂಡಿವೆ. ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳನ್ನೆಲ್ಲ ಸೇರಿಸಿದರೆ ನಾವು ಎಪ್ಪತ್ತು ಮಂದಿಯನ್ನು ಮೀರುತ್ತೇವೆ. ಪ್ರತಿ ಬೇಸಿಗೆಯಲ್ಲೂ ತೋಟದ ಹಳೆಯ ಮನೆಯಲ್ಲಿ ಎಲ್ಲರೂ ಸೇರುವ ಪದ್ಧತಿಯನ್ನು ದೊಡ್ಡ ಮಾವನವರು ಆರಂಭಿಸಿದರು. ಅವರ ಕಾಲಾನಂತರ ಅದರ ಏರ್ಪಾಡು, ಭದ್ರಾವತಿಯಿಂದ ಸೊಸೆಯಾಗಿ ಬಂದ ನನ್ನ ಪಾಲಿಗೆ ಬಂತು. ಅವರು ಹೇಳಿಕೊಟ್ಟ ಒಂದು ಸೂತ್ರವನ್ನೇ ನಾನು ಇಂದಿಗೂ ಹಿಡಿದು ನಡೆಯುತ್ತಿದ್ದೇನೆ: ಎಲ್ಲರಿಗೂ ಅನುಕೂಲವಾಗುವ ದಿನವನ್ನಾಗಲಿ ಜಾಗವನ್ನಾಗಲಿ ಹುಡುಕುತ್ತ ಕೂರಬಾರದು, ಯಾರಿಗೆ ಅವಕಾಶ ಅತ್ಯಂತ ಕಡಿಮೆಯೋ ಅವರಿಗೆ ಹೊಂದುವಂತೆ ಗೊತ್ತುಮಾಡಿದರೆ ಉಳಿದವರು ತಾವಾಗಿ ಹೊಂದಿಕೊಳ್ಳುತ್ತಾರೆ.

ದಿನ ನಿಗದಿ ಮಾಡುವುದರಲ್ಲಿಯೇ ಈ ಸೂತ್ರ ಮೊದಲು ನೆರವಿಗೆ ಬರುತ್ತದೆ. ಈಸ್ಟರ್ ಹಬ್ಬಕ್ಕೇ ಎಲ್ಲರೂ ಸೇರಬಾರದೇಕೆ ಎಂದು ಹೊಸದಾಗಿ ಮನೆಗೆ ಬಂದವರು ಕೇಳುತ್ತಾರೆ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವಿನ ಯಾವ ಭಾನುವಾರವಾದರೂ ಬರಬಹುದಾದ ಹಬ್ಬ. 2024ರಲ್ಲಿ ಅದು ಮಾರ್ಚ್ 31ಕ್ಕೆ ಬಂದಾಗ ನಮ್ಮ ಮಕ್ಕಳ ಶಾಲೆಗಳಿಗೆ ಬೇಸಿಗೆ ರಜೆಯೇ ಆರಂಭವಾಗಿರಲಿಲ್ಲ; 2025ರಲ್ಲಿ ಏಪ್ರಿಲ್ 20ಕ್ಕೆ ಬಂದಾಗ ರಜೆ ಶುರುವಾಗಿತ್ತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಗರಿಗಳ ಭಾನುವಾರದಿಂದ ಪಾಸ್ಖ ಜಾಗರಣೆಯವರೆಗಿನ, ಅಂದರೆ ಈಸ್ಟರ್‌ಗೆ ಹಿಂದಿನ ಪವಿತ್ರ ವಾರವನ್ನು ಪ್ರತಿಯೊಂದು ಕುಟುಂಬವೂ ತನ್ನದೇ ಧರ್ಮಕೇಂದ್ರದಲ್ಲಿ, ಎಂದರೆ ತನ್ನ ಊರಿನ ಚರ್ಚಿನಲ್ಲಿ, ಕಳೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಶುಭ ಶುಕ್ರವಾರದ ಶಿಲುಬೆಯ ಹಾದಿಯಲ್ಲಿ ಶಿಲುಬೆ ಹೊರುವವರು, ಗಾಯನ ಮಂಡಳಿಯಲ್ಲಿ ಹಾಡುವವರು, ಬಲಿಪೀಠದ ಸೇವೆ ಮಾಡುವ ಹುಡುಗರು ನಮ್ಮ ಮನೆಗಳಲ್ಲಿಯೇ ಇದ್ದಾರೆ; ಅವರನ್ನು ಆ ವಾರ ಊರು ಬಿಡಿಸಿ ಕರೆಸಿಕೊಳ್ಳುವುದು ಸರಿಯಲ್ಲ.

ಆದ್ದರಿಂದ ನಾವು ಸೇರುವುದು ಈಸ್ಟರ್ ಮುಗಿದ ಮೇಲೆ, ಹೆಚ್ಚಾಗಿ ಮೇ ತಿಂಗಳ ಆರಂಭದಲ್ಲಿ. ಆ ದಿನಗಳನ್ನು ನಿರ್ಧರಿಸುವವರು ನಮ್ಮ ಕುಟುಂಬದ ಇಬ್ಬರು ಧರ್ಮಭಗಿನಿಯರು (ಸನ್ಯಾಸಿನಿಯರು). ಮಠದಿಂದ ಮನೆಗೆ ಹೋಗಿಬರಲು ಅವರಿಗೆ ಸಿಗುವ ರಜೆ ಅಲ್ಪ, ಅದನ್ನು ಹಿಂದುಮುಂದು ಮಾಡುವ ಸ್ವಾತಂತ್ರ್ಯ ಅದಕ್ಕಿಂತಲೂ ಅಲ್ಪ. ಅವರ ಪತ್ರ ಬಂದ ಮೇಲೆಯೇ ನಾನು ಉಳಿದವರಿಗೆ ದಿನಾಂಕ ತಿಳಿಸುತ್ತೇನೆ. ಕೊಲ್ಲಿಯಲ್ಲಿರುವ ಮನೆಯವರ ವಿಷಯದಲ್ಲಿ ಮಾತ್ರ ಈ ಸೂತ್ರ ಸೋಲುತ್ತದೆ. ಅಲ್ಲಿನ ಭಾರತೀಯ ಶಾಲೆಗಳಲ್ಲಿ ಏಪ್ರಿಲ್‌ನಲ್ಲಿ ಹೊಸ ತರಗತಿ ಶುರುವಾಗಿ, ದೀರ್ಘ ರಜೆ ಜುಲೈ ಮತ್ತು ಆಗಸ್ಟ್‌ನಲ್ಲಿ ಬರುತ್ತದೆ; ಆಗ ಮಲೆನಾಡಿನಲ್ಲಿ ಪುನರ್ವಸು, ಪುಷ್ಯ ಮಳೆಗಳು ಹೊಡೆಯುತ್ತಿರುತ್ತವೆ, ಅಂಗಳದಲ್ಲಿ ಚಪ್ಪರ ಹಾಕುವ ಮಾತೇ ಇಲ್ಲ. ಅವರು ಬಂದಾಗ ಅವರಿಗಾಗಿಯೇ ಬೇರೆ ಒಂದು ಊಟ ಏರ್ಪಡಿಸುತ್ತೇವೆ. ಅದು ಕೂಟಕ್ಕೆ ಸಮನಲ್ಲ ಎಂಬ ನೋವು ನನಗಿದೆ.

ಮನೆಯ ಮಕ್ಕಳಲ್ಲಿ ಯಾರಾದರೂ ಚರ್ಚಿನಲ್ಲಿ ಮೊದಲ ಬಾರಿಗೆ ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ) ಸ್ವೀಕರಿಸುವ ವರ್ಷ ಕೂಟಕ್ಕೆ ಬೇರೆಯೇ ಕಳೆ ಬರುತ್ತದೆ. ಕೂಟದ ಮೊದಲ ಸಂಜೆ ಆ ಮಗುವಿನಿಂದಲೇ ಜಪಸರ ಆರಂಭವಾಗುತ್ತದೆ. ಮೇ ತಿಂಗಳು ಮಾತೆ ಮರಿಯಮ್ಮನವರಿಗೆ ಮೀಸಲಾದ್ದರಿಂದ ಜಪಸರದ ನಂತರ ಲದೀನನ್ನೂ (ಮರಿಯಮ್ಮನವರ ಸ್ತುತಿಮಾಲೆ) ಹಾಡುತ್ತೇವೆ. ಹಿರಿಯರಿಗೆ ಕೊಂಕಣಿಯಲ್ಲಿ ಜಪಿಸಿದರೇ ಸಮಾಧಾನ, ಶಿವಮೊಗ್ಗದಲ್ಲಿ ಓದುವ ಮಕ್ಕಳಿಗೆ ಕನ್ನಡದ ಪ್ರಾರ್ಥನೆಗಳೇ ಬಾಯಿಪಾಠ. ಹೀಗಾಗಿ ಜಪಸರದ ಒಂದು ರಹಸ್ಯವನ್ನು (ಯೇಸು, ಮರಿಯಮ್ಮನವರ ಜೀವನದ ಒಂದು ಘಟನೆಯನ್ನು) ಕೊಂಕಣಿಯಲ್ಲಿ, ಮುಂದಿನದನ್ನು ಕನ್ನಡದಲ್ಲಿ ಧ್ಯಾನಿಸುವ ಕ್ರಮ ಬೆಳೆದು ಬಂದಿದೆ. ಮರುದಿನ ಬೆಳಿಗ್ಗೆ ಅಗಲಿದವರಿಗಾಗಿ ಬಲಿಪೂಜೆ (ಚರ್ಚಿನ ಪೂಜೆ), ಆಮೇಲೆ ಸಮಾಧಿ ಸ್ಥಳದಲ್ಲಿ ಪ್ರಾರ್ಥನೆ. ಇದನ್ನು ಮುಗಿಸದೆ ಯಾವ ಆಟ, ಯಾವ ಪ್ರವಾಸಕ್ಕೂ ನಾನು ಒಪ್ಪುವುದಿಲ್ಲ.

ಆ ಮಧ್ಯಾಹ್ನ ಹೊರತೆಗೆಯುವ ಕುಟುಂಬದ ಪುಸ್ತಕದ ಬಗ್ಗೆ ದೊಡ್ಡ ಕುಟುಂಬಗಳವರಿಗೆ ಹೇಳಲೇಬೇಕು. ಉದ್ದನೆಯ ಲೆಕ್ಕದ ಪುಸ್ತಕವದು. ಪ್ರತಿಯೊಬ್ಬರಿಗೂ ಒಂದು ಸಾಲು. ಹುಟ್ಟಿದ ದಿನ, ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದ ದಿನ ಮತ್ತು ಚರ್ಚು, ಆಗ ಮಗುವಿನ ಜೊತೆ ನಿಂತ ಜ್ಞಾನದ ತಂದೆತಾಯಿಯರ ಹೆಸರು, ಮದುವೆ, ಮರಣ. ಕಥೋಲಿಕರಲ್ಲಿ ಮದುವೆ ಎಲ್ಲಿಯೇ ನಡೆದರೂ ಅದನ್ನು ದೀಕ್ಷಾಸ್ನಾನವಾದ ಚರ್ಚಿನ ದಾಖಲೆಯಲ್ಲಿ ಗುರುತು ಹಾಕುತ್ತಾರೆ. ಮದುವೆಗೆ ಮೊದಲು ಅದೇ ಚರ್ಚಿನಿಂದ ಹೊಸದಾಗಿ ಪ್ರಮಾಣಪತ್ರ ತರಬೇಕಾಗುತ್ತದೆ. ಶಿವಮೊಗ್ಗ ಧರ್ಮಕ್ಷೇತ್ರ, ಅಂದರೆ ಬಿಷಪರ ಆಡಳಿತಕ್ಕೆ ಸೇರಿದ ಚರ್ಚುಗಳ ವಲಯ, ಸ್ಥಾಪನೆಯಾದದ್ದು 1988ರಲ್ಲಿ. ಅದಕ್ಕೂ ಮೊದಲು ಘಟ್ಟದ ಕೆಳಗೂ ಮೇಲೂ ಹಲವು ಚರ್ಚುಗಳಲ್ಲಿ ದೀಕ್ಷಾಸ್ನಾನ ಪಡೆದ ಹಿರಿಯರ ವಿವರವನ್ನು ಯಾರ ದಾಖಲೆ ಎಲ್ಲಿದೆ ಎಂದು ಸಮೇತ ಬರೆದಿಟ್ಟಿರುವುದರಿಂದ, ನಮ್ಮ ಹುಡುಗ ಹುಡುಗಿಯರ ಮದುವೆಯ ಸಮಯದಲ್ಲಿ ಅಲೆದಾಟ ತಪ್ಪಿದೆ. ವರ್ಷದಲ್ಲಿ ಹುಟ್ಟಿದ ಕೂಸುಗಳ ಸಾಲುಗಳನ್ನು ಅತ್ಯಂತ ಹಿರಿಯರು ತಮ್ಮ ಕೈಯಾರೆ ಬರೆಯುತ್ತಾರೆ. ಅಕ್ಷರ ಸೊಟ್ಟಗಾದರೂ ಬೇರೆಯವರು ತಿದ್ದುವಂತಿಲ್ಲ.

ಊಟದ ವಿಚಾರಕ್ಕೆ ಬಂದರೆ, ಹಂದಿ ಮಾಂಸದ ಮಸಾಲೆ ಸಾರಾದ ಬಫಾತ್ ಮತ್ತು ‘ಸಣ್ಣ’ ಎಂಬ, ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವ ಅಕ್ಕಿಯ ತಿಂಡಿ ಇಲ್ಲದೆ ನಮ್ಮ ಕೂಟವಿಲ್ಲ. ಬಫಾತ್ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಸಿನ, ಚಕ್ಕೆ, ಲವಂಗಗಳನ್ನು ಮಾರ್ಚ್ ಬಿಸಿಲಿನಲ್ಲಿಯೇ ಒಣಗಿಸಿ ಪುಡಿ ಮಾಡಿಸಿಡುತ್ತೇನೆ. ಬಫಾತ್ ಮಾಡಿದ ದಿನಕ್ಕಿಂತ ಮರುದಿನ ರುಚಿ, ಆದ್ದರಿಂದ ಹಿಂದಿನ ಸಂಜೆಯೇ ಬೇಯಿಸಿ, ಎರಡು ಹೊತ್ತೂ ಚೆನ್ನಾಗಿ ಕುದಿಸಿ ಇಡಬೇಕು. ಸಣ್ಣದ ಹಿಟ್ಟಿನದು ಇದಕ್ಕೆ ತದ್ವಿರುದ್ಧ ಸ್ವಭಾವ. ಕರಾವಳಿಯಲ್ಲಿ ಅದನ್ನು ಕಳ್ಳು ಹಾಕಿ ಹುದುಗಿಸುವ ಪದ್ಧತಿ. ಇಲ್ಲಿ ನಾವು ಯೀಸ್ಟ್ ಬಳಸುತ್ತೇವೆ. ಮೇ ತಿಂಗಳ ಸೆಕೆಯಲ್ಲಿ ಹಿಟ್ಟು ಕೆಲವೇ ಗಂಟೆಗಳಲ್ಲಿ ಉಬ್ಬಿ ಪಾತ್ರೆಯ ಅಂಚು ಮುಟ್ಟುತ್ತದೆ, ರಾತ್ರಿಯೆಲ್ಲ ಬಿಟ್ಟರೆ ಹುಳಿಯಾಗುತ್ತದೆ. ಹಾಗಾಗಿ ಬೆಳಗಿನ ಜಾವ ಎದ್ದೇ ಯೀಸ್ಟ್ ಬೆರೆಸಬೇಕು. ಹಿಟ್ಟಿನ ಮೇಲೆ ಸಣ್ಣ ಗುಳ್ಳೆಗಳು ಒಂದರ ಪಕ್ಕ ಒಂದು ಒಡೆಯತೊಡಗಿದಾಗ ಹಬೆಯ ಪಾತ್ರೆ ಕುದಿಯುತ್ತಿರಬೇಕು, ಆಮೇಲೆ ಕಾಯುವಂತಿಲ್ಲ.

ಕೊನೆಯ ದಿನದ ಊಟಕ್ಕೆ ತೋಟದ ನೆರೆಹೊರೆಯವರೂ ಬರುತ್ತಾರೆ. ಅವರಲ್ಲಿ ಮಾಂಸ ಮುಟ್ಟದವರೂ ಇದ್ದಾರೆ, ಹಂದಿ ಮಾಂಸ ಮಾತ್ರ ಒಲ್ಲದವರೂ ಇದ್ದಾರೆ. ಅವರಿಗಾಗಿ ಹಿತ್ತಿಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಅಡುಗೆಯವರು. ಗುಜ್ಜೆ (ಎಳೆ ಹಲಸಿನಕಾಯಿ) ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲ ಹಣ್ಣಿನ ಶರಬತ್ತು ಇರುವ ಆ ಪಂಕ್ತಿಗೆ ನಮ್ಮ ಮಕ್ಕಳೂ ನುಗ್ಗುತ್ತಾರೆಂಬುದು ನನಗೆ ಸಂತೋಷದ ವಿಷಯ.

ಪ್ರವಾಸಗಳ ಬಗ್ಗೆ ನನ್ನ ನಿಲುವು ಸ್ಪಷ್ಟ: ಹತ್ತಿರದ ಜಾಗ, ಬೆಳಗಿನ ಹೊತ್ತು, ದಿನಕ್ಕೆ ಒಂದೇ. ಸಕ್ರೆಬೈಲಿನ ಆನೆ ಬಿಡಾರ ನಮ್ಮ ಕೂಟಕ್ಕೆ ಹೇಳಿ ಮಾಡಿಸಿದಂತಿದೆ. ರಾತ್ರಿ ಕಾಡಿನಲ್ಲಿ ಮೇಯುವ ಆನೆಗಳನ್ನು ಮಾವುತರು ಬೆಳಿಗ್ಗೆ ಕರೆತಂದು ತುಂಗೆಯ ಹಿನ್ನೀರಿನಲ್ಲಿ ಮೀಯಿಸುತ್ತಾರೆ. ಮಂಡಿ ನೋವಿನ ಹಿರಿಯರೂ ಹೆಚ್ಚು ನಡೆಯದೆ ನೋಡಬಹುದು, ಹಸುಗೂಸುಗಳ ತಾಯಂದಿರೂ ಬರಬಹುದು. ಜೋಗಕ್ಕೆ ಹೋಗೋಣವೆಂದು ಬೆಂಗಳೂರಿನ ಮಕ್ಕಳು ಪ್ರತಿ ಸಲವೂ ಹಟ ಹಿಡಿಯುತ್ತಾರೆ. 253 ಮೀಟರ್ ಎತ್ತರದ ಆ ಜಲಪಾತದ ನೀರನ್ನು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ವಿದ್ಯುತ್ತಿಗಾಗಿ ಹಿಡಿದಿಡುವುದರಿಂದ, ಮೇ ತಿಂಗಳಲ್ಲಿ ರಾಜ, ರಾಣಿ, ರೋರರ್, ರಾಕೆಟ್‌ಗಳೆಲ್ಲ ಬಂಡೆಯ ಮೇಲಿನ ತೆಳುವಾದ ಗೆರೆಗಳಾಗಿರುತ್ತವೆ. ಮಳೆಗಾಲದಲ್ಲಿ ಬನ್ನಿ ಎಂದು ಹೇಳಿ ಅವರನ್ನು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಕಳಿಸುತ್ತೇನೆ. ಸಂಜೆಯ ಪ್ರಯಾಣವನ್ನು ನಾನು ಒಪ್ಪದಿರುವುದಕ್ಕೆ ಗುಡುಗು ಸಿಡಿಲಿನ ಮುಂಗಾರುಪೂರ್ವ ಮಳೆಯೇ ಕಾರಣ. ಮಧ್ಯಾಹ್ನದ ಬಿಸಿಲು ಕಂಡು ಹೊರಟವರು ಆಗುಂಬೆಯ ದಾರಿಯಲ್ಲಿ ಮರ ಬಿದ್ದು ಸಿಕ್ಕಿಬೀಳುವುದುಂಟು.

ಎರಡು ವಿಷಯಗಳಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಒಂದು, ಹೊಳೆ. ಬೇಸಿಗೆಯ ತುಂಗೆ ಮೊಣಕಾಲುದ್ದ ಹರಿಯುವಂತೆ ಕಂಡರೂ ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣಿಸುವುದಿಲ್ಲ. ಈಜು ಬಲ್ಲ ದೊಡ್ಡವರು ಮೊದಲು ಇಳಿದು ಗಡಿ ತೋರಿಸಿ, ಅಲ್ಲಿಯೇ ಸಾಲಾಗಿ ನಿಂತ ಮೇಲೆಯೇ ಮಕ್ಕಳು ನೀರಿಗೆ ಇಳಿಯಬೇಕು. ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಉಣುಗುಗಳಿಂದ ಹರಡುತ್ತದೆ, ಅದರ ಕಾಲ ಬೇಸಿಗೆಯ ಕೊನೆಯವರೆಗೂ ಚಾಚುತ್ತದೆ. ಪೇಟೆಯಲ್ಲಿ ಬೆಳೆದ ಮಕ್ಕಳು ದರಗಿನ (ಒಣ ಎಲೆಗಳ) ರಾಶಿ ಕಂಡರೆ ಹೊರಳಾಡಲು ಓಡುತ್ತಾರೆ. ಕಾಡಂಚಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಸಿ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿಸಿ, ಬಚ್ಚಲಿನಲ್ಲಿ ಕಂಕುಳು, ಕಿವಿಯ ಹಿಂಭಾಗ, ಮೊಣಕಾಲ ಸಂದಿಗಳನ್ನು ನಾನೇ ಕೈಯಾಡಿಸಿ ನೋಡುತ್ತೇನೆ. ಮನೆಗೆ ಮರಳಿದ ಮೇಲೆ ಯಾರಿಗಾದರೂ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಮೊದಲೇ ಹೇಳಬೇಕೆಂದು ಹೊರಡುವಾಗ ಪ್ರತಿಯೊಬ್ಬರಿಗೂ ತಿಳಿಸುತ್ತೇನೆ.

ಖರ್ಚನ್ನು ತಲೆಗೆ ಇಷ್ಟೆಂದು ಹಂಚದೆ, ಮನೆಗೆ ಇಷ್ಟೆಂದು ಹಂಚುತ್ತೇವೆ. ಇಲ್ಲವಾದರೆ ಮಕ್ಕಳು ಹೆಚ್ಚಿರುವ ಮನೆಯವರು ಬರಲು ಹಿಂಜರಿಯುತ್ತಾರೆ. ಕೈ ಬಿಗಿಯಿರುವ ಮನೆಯವರು ತೋಟದ ಕೆಲಸದ ರೂಪದಲ್ಲಿಯೋ ಅಕ್ಕಿ, ತೆಂಗಿನಕಾಯಿಯ ರೂಪದಲ್ಲಿಯೋ ತಮ್ಮ ಪಾಲು ಸಲ್ಲಿಸುವುದೂ ಉಂಟು. ಯಾರು ಏನು ಕೊಟ್ಟರೆಂಬುದು ನನಗೂ ಲೆಕ್ಕ ಬರೆಯುವ ನಾದಿನಿಗೂ ಬಿಟ್ಟು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಉಳಿದ ಹಣ ಮುಂದಿನ ವರ್ಷದ ಚಪ್ಪರಕ್ಕೆ ಹೋಗುತ್ತದೆ.